ಗೇಟಿನಿಂದ ಆರಂಭಿಸಿದ ಇಆರ್‌ಪಿ: ಉದ್ಯಮಬಾಗದ ನಮ್ಮ ಕಾರ್ಖಾನೆಯ ಅನುಭವ

ಬೆಳಗಾವಿಯ ಉದ್ಯಮಬಾಗದಲ್ಲಿರುವ ನಮ್ಮ ಕಾರ್ಖಾನೆಯಲ್ಲಿ ಹೈಡ್ರಾಲಿಕ್ ವಾಲ್ವ್‌ಗಳ ಬಾಡಿ, ಅದರೊಳಗೆ ಸರಿದಾಡುವ ದಂಡವಾದ ಸ್ಪೂಲ್ ಮತ್ತು ಪಂಪಿನ ಬಿಡಿಭಾಗಗಳು ತಯಾರಾಗುತ್ತವೆ. ಸುಮಾರು 160 ಜನ ದುಡಿಯುತ್ತಾರೆ. ವರ್ಷದ ವಹಿವಾಟು 38 ಕೋಟಿ ರೂಪಾಯಿಯ ಆಸುಪಾಸಿನಲ್ಲಿದೆ. ಇಲ್ಲಿನ ಉತ್ಪಾದನಾ ಯೋಜನೆ ಮತ್ತು ದಾಸ್ತಾನಿನ ಹೊಣೆ ನನ್ನದು. ಖರೀದಿ, ದಾಸ್ತಾನು, ಉತ್ಪಾದನೆ, ಲೆಕ್ಕಪತ್ರಗಳನ್ನೆಲ್ಲ ಒಂದೇ ಕಡೆ ಸೇರಿಸುವ ತಂತ್ರಾಂಶವಾದ ಇಆರ್‌ಪಿಯನ್ನು ಜಾಬ್‌ವರ್ಕ್ ಚಲನ್‌ನಿಂದ, ಅಂದರೆ ಹೊರಗಿನವರಲ್ಲಿ ಕೆಲಸ ಮಾಡಿಸಲು ಗೇಟಿನಿಂದ ಹೊರಹೋಗುವ ಮಾಲಿನ ಚೀಟಿಯಿಂದ, ಆರಂಭಿಸುತ್ತೇನೆ, ಲೆಕ್ಕಪತ್ರವನ್ನು ಕಟ್ಟಕಡೆಗೆ ಸೇರಿಸುತ್ತೇನೆ ಎಂದು 2021ರಲ್ಲಿ ಹೇಳಿದಾಗ ನಮ್ಮ ಲೆಕ್ಕಪರಿಶೋಧಕರು, ಯಜಮಾನರು, ಅಕ್ಕಪಕ್ಕದ ಕಾರ್ಖಾನೆಗಳ ಗೆಳೆಯರು ಎಲ್ಲರೂ ಅದು ತಲೆಕೆಳಗಾದ ಕ್ರಮವೆಂದರು. ಈಗ ಅದೇ ಕ್ರಮವನ್ನು ನೋಡಲು ಮಚ್ಛೆಯಿಂದಲೂ ಹುಬ್ಬಳ್ಳಿಯಿಂದಲೂ ಜನ ಬರುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳುವುದಕ್ಕಿಂತ ಒಮ್ಮೆ ಬರೆದಿಡುವುದು ಒಳಿತೆನಿಸಿತು.

ಜಿಎಸ್‌ಟಿ ಬಂದ ಮರುವರ್ಷ, 2018ರಲ್ಲಿ, ನಾವು ಒಂದು ಇಆರ್‌ಪಿ ಪ್ಯಾಕೇಜನ್ನು ಕೊಂಡಿದ್ದೆವು. ಮಾರಿದವರ ಹೆಸರು ಇಲ್ಲಿ ಬೇಡ. ಲೈಸೆನ್ಸಿಗೆ 11 ಲಕ್ಷ, ಅಳವಡಿಕೆಗೆ ಆರೇಳು ಲಕ್ಷ, ಸರ್ವರಿಗೆ ಎರಡೂವರೆ ಲಕ್ಷ ಹೀಗೆ ಒಟ್ಟು ಖರ್ಚು 20 ಲಕ್ಷ ಮುಟ್ಟಿತು. ಅವರು ಮೊದಲು ಲೆಕ್ಕಪತ್ರ, ಆಮೇಲೆ ಖರೀದಿ, ಆಮೇಲೆ ಸ್ಟೋರ್ಸ್, ಕೊನೆಗೆ ಉತ್ಪಾದನೆ ಎಂಬ ಕ್ರಮ ಹಿಡಿದರು. ಹದಿನಾಲ್ಕು ತಿಂಗಳು ಕಳೆದರೂ ಉತ್ಪಾದನೆಯ ಸರದಿ ಬರಲೇ ಇಲ್ಲ. ನಮ್ಮ ಹಳೆಯ ಲೆಕ್ಕದ ತಂತ್ರಾಂಶ ಟ್ಯಾಲಿಯಲ್ಲಿ ಅರ್ಧ ದಿನಕ್ಕೆ ಮುಗಿಯುತ್ತಿದ್ದ ಕೆಲಸಕ್ಕೆ ಎರಡು ದಿನ ಹಿಡಿಯತೊಡಗಿದ್ದರಿಂದ ಲೆಕ್ಕ ವಿಭಾಗದವರು ಟ್ಯಾಲಿಯನ್ನು ಬಿಡಲಿಲ್ಲ. ಒಂದೇ ಬಿಲ್ಲು ಎರಡೂ ಕಡೆ ಏರುತ್ತಿತ್ತು, ತಿಂಗಳ ಕೊನೆಯಲ್ಲಿ ಎರಡೂ ತಾಳೆಯಾಗುತ್ತಿರಲಿಲ್ಲ. 2019ರ ದೀಪಾವಳಿಯ ಹೊತ್ತಿಗೆ ಅದನ್ನು ತೆರೆಯುವವರೇ ಇರಲಿಲ್ಲ. ಆ ಹಣದ ನೋವು ನನಗೆ ಇಂದಿಗೂ ಇದೆ, ಏಕೆಂದರೆ ಖರೀದಿಯ ಟಿಪ್ಪಣಿಗೆ ನಾನೂ ಸಹಿ ಮಾಡಿದ್ದೆ.

ಆ ಸೋಲಿನ ಕಾರಣವನ್ನು ನನಗೆ ತಿಳಿಸಿಕೊಟ್ಟವರು ನಮ್ಮ ಹಿರಿಯ ಸ್ಟೋರ್‌ಕೀಪರ್. "ಸಾಹೇಬ್ರ, ಗೇಟಿನಿಂದ ಹೊರಗ ಹ್ವಾದ ಮಾಲು ಈ ಕಂಪ್ಯೂಟರದಾಗ ಎಲ್ಲಿ ಕಾಣತೈತಿ? ನನಗ ದಿನಾ ಜಗಳ ಆಗೂದು ಅದರ ಮ್ಯಾಲ, ನೀವು ಬರೇ ಬಿಲ್ಲು ತೋರಸ್ತೀರಿ" ಎಂದು ಅವರು ಒಂದು ದಿನ ಕೇಳಿದರು. ನಮ್ಮ ಸ್ಪೂಲ್ ಹೀಟ್ ಟ್ರೀಟ್‌ಮೆಂಟಿಗೆ ಒಂದು ಕಡೆ, ಗ್ರೈಂಡಿಂಗಿಗೆ ಇನ್ನೊಂದು ಕಡೆ, ಪ್ಲೇಟಿಂಗಿಗೆ ಮತ್ತೊಂದು ಕಡೆ ಹೋಗಿ ಬರುತ್ತದೆ. ಕೆಲವು ಕೊಲ್ಹಾಪುರದ ಶಿರೋಳಿಯವರೆಗೂ ಹೋಗುತ್ತವೆ. ಯಾವುದೇ ದಿನ ನೋಡಿದರೂ ನಮ್ಮ ಚಾಲ್ತಿ ದಾಸ್ತಾನಿನ ಮೂರನೆಯ ಒಂದು ಪಾಲು ಬೇರೆಯವರ ಶೆಡ್ಡುಗಳಲ್ಲಿರುತ್ತದೆ. ಅದರ ಲೆಕ್ಕವೆಲ್ಲ ಮೂರು ಚಲನ್ ಪುಸ್ತಕಗಳಲ್ಲಿ ಮತ್ತು ಆ ಹಿರಿಯರ ನೆನಪಿನಲ್ಲಿ ಇತ್ತು.

ಆದ್ದರಿಂದ ಎರಡನೆಯ ಸಲ ತಂತ್ರಾಂಶ ಆರಿಸುವಾಗ ನಾನು ಯಾರ ಡೆಮೊವನ್ನೂ ಅವರ ಇಷ್ಟದಂತೆ ನೋಡಲಿಲ್ಲ. ನಮ್ಮಲ್ಲಿ ಅತ್ಯಂತ ಗೋಜಲಾಗಿದ್ದ 12 ಚಲನ್‌ಗಳನ್ನು ಜೆರಾಕ್ಸ್ ಮಾಡಿಸಿಟ್ಟುಕೊಂಡೆ: ಎಣಿಕೆಯಲ್ಲಿ ಹೋಗಿ ಕಿಲೋ ಲೆಕ್ಕದಲ್ಲಿ ಬಿಲ್ಲಾದದ್ದು, ಅರ್ಧ ಮಾತ್ರ ಮರಳಿದ್ದು, ಕೆಲಸವಾಗದೆ ಹಾಗೆಯೇ ವಾಪಸಾದದ್ದು, ಒಬ್ಬ ಜಾಬ್‌ವರ್ಕರ್‌ನಿಂದ ನಮ್ಮ ಗೇಟಿಗೆ ಬಾರದೆ ನೇರ ಇನ್ನೊಬ್ಬನಲ್ಲಿಗೆ ಹೋದದ್ದು, ಇಂಥವು. ಬಂದವರೆಲ್ಲರ ಮುಂದೆ ಅವನ್ನಿಟ್ಟು, ನನ್ನೆದುರಿಗೇ ನಮೂದಿಸಿ ತೋರಿಸಿರಿ ಎಂದೆ. ನಾಲ್ವರಲ್ಲಿ ಇಬ್ಬರು ಆಮೇಲೆ ನೋಡೋಣವೆಂದು ಎದ್ದು ಹೋದರು, ಒಬ್ಬರು ಆರನ್ನು ಮುಗಿಸಿದರು, ಮತ್ತೊಬ್ಬರು ಏಳನ್ನು ಮುಗಿಸಿ ಉಳಿದ ಐದಕ್ಕೆ ಪ್ರತ್ಯೇಕವಾಗಿ 4 ಲಕ್ಷ ಕೇಳಿದರು. ಮುಂಬೈನ ಫ್ರಾಪೆ ಸಂಸ್ಥೆಯ ಮುಕ್ತ ತಂತ್ರಾಂಶವಾದ ಇಆರ್‌ಪಿನೆಕ್ಸ್ಟ್ ಅನ್ನು ನಮ್ಮ ಯುವ ಎಂಜಿನಿಯರ್ ಒಂದು ಹಳೆಯ ಕಂಪ್ಯೂಟರಿನಲ್ಲಿ ಹಾಕಿಕೊಂಡು, ಎರಡು ವಾರ ಕೂತು, ಒಂಬತ್ತನ್ನು ಮುಗಿಸಿದ. ಲೈಸೆನ್ಸಿನ ಹಣವಿಲ್ಲ, ಪ್ರತಿಯೊಬ್ಬ ಜಾಬ್‌ವರ್ಕರ್‌ಗೂ ಒಂದೊಂದು ಗೋದಾಮು ತೆರೆಯಬಹುದು, ಕೊಟ್ಟ ಮಾಲು ಅಲ್ಲಿಗೆ ಜಮೆಯಾಗಿ ಕೆಲಸ ಮುಗಿದು ಮರಳಿದಾಗ ಅಲ್ಲಿಂದ ಖರ್ಚಾಗುತ್ತದೆ. ನನಗೆ ಬೇಕಾಗಿದ್ದುದೂ ಇಷ್ಟೇ.

ಆರಂಭದ ದಾಸ್ತಾನನ್ನು ಪುಸ್ತಕದಿಂದ ಎತ್ತಿಕೊಳ್ಳಬಾರದೆಂದು ಹಟ ಹಿಡಿದೆ. ಮೂರು ಭಾನುವಾರ, ಇಬ್ಬರು ಹುಡುಗರು ಮತ್ತು ಆ ಸ್ಟೋರ್‌ಕೀಪರರೊಂದಿಗೆ 23 ಜಾಬ್‌ವರ್ಕರ್‌ಗಳ ಶೆಡ್ಡುಗಳಿಗೆ ಹೋಗಿ ನಮ್ಮ ಮಾಲನ್ನು ಕೈಯಿಂದ ಎಣಿಸಿದೆವು. ಪುಸ್ತಕದ ಪ್ರಕಾರ ಹೊರಗಿರಬೇಕಾದದ್ದು 31 ಲಕ್ಷದಷ್ಟು, ಕಂಡದ್ದು 22 ಲಕ್ಷದಷ್ಟು. ವ್ಯತ್ಯಾಸದ ಹೆಚ್ಚಿನ ಪಾಲು ಮಾಲು ಮರಳಿದ್ದರೂ ಚಲನ್ ಮುಚ್ಚದೆ ಉಳಿದದ್ದು. ಮೂರು ಲಕ್ಷದಷ್ಟು ಮಾತ್ರ ನಿಜಕ್ಕೂ ಎಲ್ಲಿಯೂ ಸಿಗಲಿಲ್ಲ. ಇಷ್ಟೇ ಆಗಿದ್ದರೆ ಒಳಗಿನ ನಷ್ಟವೆಂದು ಬರೆದುಹಾಕಬಹುದಿತ್ತು. ಆದರೆ ಜಾಬ್‌ವರ್ಕಿಗೆ ಕಳುಹಿಸಿದ ಕಚ್ಚಾಮಾಲು ಒಂದು ವರ್ಷದೊಳಗೆ ಮರಳದಿದ್ದರೆ, ಕಳುಹಿಸಿದ ದಿನವೇ ಮಾರಿದಂತೆ ಎಂದು ಜಿಎಸ್‌ಟಿ ಕಾಯಿದೆಯ 143ನೆಯ ಕಲಮು ಹೇಳುತ್ತದೆ. ವರ್ಷ ದಾಟಿದ ಚಲನ್‌ಗಳು ನಮ್ಮಲ್ಲಿ 60ರಷ್ಟಿದ್ದವು. ಲೆಕ್ಕಪರಿಶೋಧಕರ ಸಲಹೆಯಂತೆ ತೆರಿಗೆ ಮತ್ತು ಬಡ್ಡಿ ಸೇರಿ ಒಂದೂವರೆ ಲಕ್ಷಕ್ಕಿಂತ ತುಸು ಹೆಚ್ಚು ಕಟ್ಟಿದೆವು. ಗೇಟಿನಿಂದ ಆರಂಭಿಸುವುದು ಸರಿಯೆಂದು ನಮ್ಮ ಯಜಮಾನರು ಮೊದಲ ಬಾರಿಗೆ ಒಪ್ಪಿದ್ದು ಆ ಹಣ ಕಟ್ಟಿದ ದಿನ.

ಐಟಂ ಪಟ್ಟಿಯಲ್ಲಿ ಮಾತ್ರ ನಾನೇ ಎಡವಿದೆ. ಹಳೆಯ ಎಕ್ಸೆಲ್ ಪಟ್ಟಿಯಲ್ಲಿ 11 ಸಾವಿರಕ್ಕೂ ಹೆಚ್ಚು ಹೆಸರುಗಳಿದ್ದವು, ಒಂದೇ ಓ-ರಿಂಗಿಗೆ ಐದು ಹೆಸರು. ಅವನ್ನು ಕಡಿದು 4 ಸಾವಿರದ ಸುತ್ತಮುತ್ತ ತಂದೆ. ಆ ಉತ್ಸಾಹದಲ್ಲಿ ಸಿಎನ್‌ಎಂಜಿ 120408 ಎಂಬ ಇನ್ಸರ್ಟನ್ನು (ಲೋಹ ಕತ್ತರಿಸುವ ಉಪಕರಣದ ತುದಿಗೆ ಕೂರಿಸುವ ಚೂರು), ಯಾವ ಲೋಹಕ್ಕೆಂಬ ಗ್ರೇಡಿನ ಭೇದವಿಲ್ಲದೆ, ಒಂದೇ ಕೋಡಿಗೆ ಸೇರಿಸಿಬಿಟ್ಟೆ. ಬೀಡುಕಬ್ಬಿಣಕ್ಕೆಂದು ತಂದ ಇನ್ಸರ್ಟ್ ಉಕ್ಕಿನ ಕೆಲಸದ ಮಷಿನ್ನಿಗೆ ಹೋಯಿತು, ಅಂಚುಗಳು ಬೇಗಬೇಗ ಸವೆದವು, ಮೇಲ್ವಿಚಾರಕರು ಮಷಿನ್ನಿನಲ್ಲಿ ದೋಷ ಹುಡುಕುತ್ತ ಒಂದು ವಾರ ಕಳೆದರು. ಇನ್ಸರ್ಟಿನಲ್ಲಿ ಮತ್ತು ವ್ಯರ್ಥವಾದ ಪಾಳಿಗಳಲ್ಲಿ ಹೋದದ್ದು 70 ಸಾವಿರದಷ್ಟು. ಕೋಡನ್ನು ಈಗ ಹೇಗೆ ರಚಿಸಿದ್ದೇನೆ, ಅದರ ನಾಲ್ಕನೆಯ ಮತ್ತು ಐದನೆಯ ಅಂಕಿಗಳು ಏನನ್ನು ಸೂಚಿಸುತ್ತವೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಒಂದು ವರ್ಷದ ಶ್ರಮ ಬಿದ್ದಿದೆ, ಕಾರ್ಖಾನೆಗೆ ಬಂದವರಿಗೆ ಮಾತ್ರ ತೋರಿಸುತ್ತೇನೆ.

2022ರ ಜನವರಿಯಲ್ಲಿ ಗೇಟಿನಲ್ಲಿ ಒಂದು ಟ್ಯಾಬ್ಲೆಟ್ ಇಟ್ಟು ಆರಂಭಿಸಿದೆವು. ಮುದ್ರಿತ ಚಲನ್ ಇಲ್ಲದ ಗಾಡಿಯನ್ನು ಹೊರಗೆ ಬಿಡಬಾರದೆಂಬುದೊಂದೇ ನಿಯಮ. ಮೊದಲ ಹತ್ತು ದಿನ ಗೇಟಿನ ಬಳಿ ಟೆಂಪೋಗಳು ಸಾಲುಗಟ್ಟಿದವು, ನನಗೆ ಬಯ್ಯದವರಿರಲಿಲ್ಲ. ಕೊಲ್ಹಾಪುರಕ್ಕೆ ಹೋಗುವ ಮಾಲಿಗೆ ಇನ್ನೂ ಒಂದು ತೊಡಕಿತ್ತು: ಬೇರೆ ರಾಜ್ಯದ ಜಾಬ್‌ವರ್ಕರ್‌ಗೆ ಕಳುಹಿಸುವಾಗ ಬೆಲೆ 50 ಸಾವಿರಕ್ಕಿಂತ ಕಡಿಮೆಯಿದ್ದರೂ ಆನ್‌ಲೈನಿನಲ್ಲಿ ಪಡೆಯುವ ಸಾಗಣೆ ಪತ್ರವಾದ ಇ-ವೇ ಬಿಲ್ ಬೇಕು. ಅದನ್ನು ಆರಂಭದಲ್ಲಿ ಪೋರ್ಟಲಿನಲ್ಲಿ ಕೈಯಿಂದಲೇ ತುಂಬುತ್ತಿದ್ದೆವು. ಐಟಂಗಳ ಹೆಸರನ್ನು ಇಂಗ್ಲಿಷ್‌ನಲ್ಲಿ ಮಾತ್ರ ಇಟ್ಟಿದ್ದಾಗ ಗೇಟಿನವರು ಕೋಡನ್ನು ತಪ್ಪಾಗಿ ಆರಿಸುತ್ತಿದ್ದರು. ಶೆಡ್ಡಿನಲ್ಲಿ ಜನ ಕರೆಯುವ ಹೆಸರನ್ನು, ಅದು ಕನ್ನಡವಿರಲಿ ಮರಾಠಿಯಿರಲಿ, ವಿವರಣೆಯಲ್ಲಿ ಸೇರಿಸಿ, ಪಕ್ಕದಲ್ಲಿ ಬಿಡಿಭಾಗದ ಫೋಟೊ ಹಾಕಿದ ಮೇಲೆ ತಪ್ಪು ಬಹುಪಾಲು ನಿಂತಿತು. ಇಡೀ ಕೆಲಸದಲ್ಲಿ ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಇದು.

ಇನ್ನೊಂದು ದೊಡ್ಡ ಸಂಕಟ ಹಿಂದಿನ ದಿನಾಂಕದ ನಮೂದುಗಳಿಂದ ಬಂತು. ಮಾರ್ಚ್ ತಿಂಗಳಲ್ಲಿ ಸ್ಟೋರ್ಸಿನ ಹುಡುಗ ಜನವರಿಯ ಒಂದು ರಸೀದಿಯನ್ನು ಅಂದಿನ ದಿನಾಂಕಕ್ಕೇ ಹಾಕಿದ. ಅಲ್ಲಿಂದೀಚಿನ ಎಲ್ಲ ವ್ಯವಹಾರಗಳ ಮೌಲ್ಯವನ್ನು ವ್ಯವಸ್ಥೆ ಮತ್ತೆ ಲೆಕ್ಕ ಹಾಕತೊಡಗಿ ರಾತ್ರಿಯೆಲ್ಲ ಮುಗಿಯಲಿಲ್ಲ, ಬೆಳಗಿನ ಪಾಳಿಗೆ ಚಲನ್ ಮುದ್ರಿಸಲಾಗಲಿಲ್ಲ. ಇದಕ್ಕೂ ಮೊದಲು, ಕೆಲಸ ನಿಲ್ಲಬಾರದೆಂದು, ಲೆಕ್ಕದಲ್ಲಿ ಇಲ್ಲದ ಮಾಲನ್ನೂ ಕೊಟ್ಟಂತೆ ಬರೆಯುವ ಋಣ ದಾಸ್ತಾನಿಗೆ ಅನುಮತಿ ಕೊಟ್ಟಿದ್ದೆ. ಅದು ಇನ್ನೂ ಕೆಟ್ಟ ನಿರ್ಧಾರವಾಗಿತ್ತು. ಈಗ ಋಣ ದಾಸ್ತಾನು ಬಂದ್, ಮೂರು ದಿನಕ್ಕಿಂತ ಹಿಂದಿನ ದಿನಾಂಕಗಳಿಗೆ ಬೀಗ. ಬೀಗ ತೆಗೆಯಬೇಕಾದರೆ ನನ್ನ ಬಳಿಗೇ ಬರಬೇಕು, ಬಂದವರು ಕಾರಣವನ್ನು ಬರೆದುಕೊಡಬೇಕು.

ನಡುವೆ ಕೆಲವು ಪ್ರಯೋಗಗಳನ್ನೂ ಮಾಡಿದೆ. ಕ್ರೇಟುಗಳಿಗೆ ಅಂಟಿಸಿದ ಕ್ಯೂಆರ್ ಚೀಟಿಗಳು ಮಷಿನ್ನನ್ನು ತಂಪಾಗಿಸುವ ದ್ರವವಾದ ಕೂಲಂಟ್ ತಾಗಿ ವಾರದೊಳಗೆ ಉದುರಿದವು. ಲ್ಯಾಮಿನೇಟ್ ಮಾಡಿಸಿದವೂ ಎಣ್ಣೆ ಕುಡಿದು ಓದಲಾಗದಂತಾದವು. ಕೊನೆಗೆ ಅಲ್ಯೂಮಿನಿಯಂ ಬಿಲ್ಲೆಗಳಿಗೆ ನಂಬರ್ ಪಂಚ್ ಮಾಡಿಸಿ ತಂತಿಯಿಂದ ಕಟ್ಟಿದೆವು, ಒಂದಕ್ಕೆ ಆರೇಳು ರೂಪಾಯಿ ಬಿತ್ತು. ಸಣ್ಣ ಸ್ಪೂಲ್‌ಗಳನ್ನು ತೂಕದಿಂದ ಎಣಿಸುವ ತಕ್ಕಡಿಯನ್ನು 14 ಸಾವಿರ ಕೊಟ್ಟು ತಂದೆ. ಟರ್ನಿಂಗಾದ ಮೇಲೆ ತೂಕ ಒಂದೇ ಸಮವಾಗಿದ್ದು ಎಣಿಕೆ ಸರಿಬಂತು. ಆದರೆ ಎರಕ ಹೊಯ್ದು ಬಂದ ಬಾಡಿಗಳ ತೂಕ ಒಂದರಿಂದೊಂದಕ್ಕೆ ಬೇರೆಯಾಗಿರುವುದರಿಂದ ಅವಕ್ಕೆ ಅದು ಕೆಲಸಕ್ಕೆ ಬರಲಿಲ್ಲ. ಪ್ರತಿ ಬಿಡಿಭಾಗಕ್ಕೆ ಎಷ್ಟು ಮಾಲು ಬೇಕೆಂಬ ಪಟ್ಟಿಯಾದ ಬಿಒಎಂ ಪ್ರಕಾರ ಬರಬೇಕಾದ ಚಿಪ್ಸ್ (ಕತ್ತರಿಸುವಾಗ ಉದುರುವ ಲೋಹದ ಸಿಪ್ಪೆ) ತೂಕವನ್ನೂ ಗುಜರಿಯವರಿಗೆ ನಾವು ಮಾರಿದ ತೂಕವನ್ನೂ ತಿಂಗಳಿಗೊಮ್ಮೆ ಹೋಲಿಸಿ ನೋಡಿದಾಗ ನೂರಕ್ಕೆ ಎಂಟರಷ್ಟು ಕೊರತೆ ಕಂಡಿತು. ಅದು ಕೂಲಂಟ್ ಒಣಗಿದ್ದರಿಂದಾದ ವ್ಯತ್ಯಾಸವಾಗಿರಲಿಲ್ಲ. ಅದನ್ನು ಹೇಗೆ ಪತ್ತೆ ಮಾಡಿದೆ ಎಂಬುದನ್ನೂ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ. ಕೊರತೆ ಈಗ ನೂರಕ್ಕೆ ಎರಡರೊಳಗಿದೆ.

ಲೆಕ್ಕಪತ್ರದ ಮಾತಿಗೆ ಬರುವುದಾದರೆ, 15 ತಿಂಗಳು ಅದು ಟ್ಯಾಲಿಯಲ್ಲಿಯೇ ಇತ್ತು. ವಹಿವಾಟು 20 ಕೋಟಿ ದಾಟಿದವರಿಗೆ 2022ರ ಏಪ್ರಿಲ್ 1ರಿಂದ ಬಿಲ್ಲನ್ನು ಸರ್ಕಾರಿ ಪೋರ್ಟಲಿನಲ್ಲಿ ನೋಂದಾಯಿಸುವ ಇ-ಇನ್‌ವಾಯ್ಸ್ ಕಡ್ಡಾಯವಾದಾಗಲೂ ಅದನ್ನು ಟ್ಯಾಲಿಯಿಂದಲೇ ಮಾಡಿದೆವು, ಯಾರಿಗೂ ತೊಂದರೆಯಾಗಲಿಲ್ಲ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ದಾಖಲೆ ಉಳಿಯಬೇಕೆಂಬ ನಿಯಮ ಜಾರಿಗೆ ಬಂದ ದಿನವೇ ಲೆಕ್ಕಪತ್ರವನ್ನೂ ಇಆರ್‌ಪಿನೆಕ್ಸ್ಟ್‌ಗೆ ತಂದೆವು. ಸಲ್ಲಿಸಿದ ವೋಚರನ್ನು ತಿದ್ದಲಾಗದು, ರದ್ದುಮಾಡಿ ಹೊಸದನ್ನು ಮಾಡಬೇಕು ಎಂಬುದಕ್ಕೆ ಒಗ್ಗಿಕೊಳ್ಳಲು ಲೆಕ್ಕ ವಿಭಾಗದವರಿಗೆ ಎರಡು ತಿಂಗಳು ಬೇಕಾಯಿತು. ದಾಸ್ತಾನು ಅಷ್ಟರಲ್ಲಿ ನಂಬುವಂತಾಗಿದ್ದರಿಂದ ಅವರಿಗೆ ಜಗಳವಾಡಲು ಬೇರೆ ವಿಷಯವಿರಲಿಲ್ಲ. ಅದೇ ವರ್ಷ 14ನೆಯ ಆವೃತ್ತಿಗೆ ಏರಿದಾಗ, ಜಾಬ್‌ವರ್ಕ್ ಆರ್ಡರನ್ನು ಖರೀದಿ ಆರ್ಡರಿನಿಂದ ಬೇರ್ಪಡಿಸಿದ್ದರಿಂದ, ಮೊದಲು ಕೈಕೊಟ್ಟಿದ್ದ ಮೂರು ಚಲನ್‌ಗಳಲ್ಲಿ ಎರಡು ಸುಲಭವಾದವು.

ಎರಡನೆಯ ಪ್ರಯತ್ನದ ಒಟ್ಟು ಖರ್ಚು, ನೆನಪಿನಿಂದ ಹೇಳುವುದಾದರೆ, ಎಂಜಿನಿಯರನ ಸಂಬಳ ಬಿಟ್ಟು ಆರು ಲಕ್ಷದೊಳಗೆ: ಹೊರಗಿನ ಸಲಹೆಗಾರರಿಗೆ ಮೂರು ಲಕ್ಷಕ್ಕಿಂತ ಸ್ವಲ್ಪ ಹೆಚ್ಚು, ಟ್ಯಾಬ್ಲೆಟ್ ಮತ್ತು ಪ್ರಿಂಟರುಗಳಿಗೆ ಒಂದು ಲಕ್ಷ, ಕ್ಲೌಡ್ ಸರ್ವರಿಗೆ ತಿಂಗಳಿಗೆ ನಾಲ್ಕೈದು ಸಾವಿರ. ಜಾಬ್‌ವರ್ಕಿಗೆ ಹೋಗಿಬಂದ ಮಾಲಿನ ಬಗ್ಗೆ ಆರು ತಿಂಗಳಿಗೊಮ್ಮೆ ಸಲ್ಲಿಸುವ ಜಿಎಸ್‌ಟಿ ವಿವರಪತ್ರವಾದ ಐಟಿಸಿ-04 ತಯಾರಿಸಲು ಮೊದಲು ಇಬ್ಬರು ಎಂಟು ದಿನ ಕೂರುತ್ತಿದ್ದರು, ಈಗ ಒಬ್ಬರು ಒಂದು ಮಧ್ಯಾಹ್ನದಲ್ಲಿ ಮುಗಿಸುತ್ತಾರೆ. ಎಣಿಸಿದಾಗ 22 ಲಕ್ಷದಷ್ಟಿದ್ದ ಹೊರಗಿನ ಮಾಲು 17–18 ಲಕ್ಷಕ್ಕೆ ಇಳಿದಿದೆ. ಉತ್ಪಾದನೆ ಮಾತ್ರ ಕಡಿಮೆಯಾಗಿಲ್ಲ. ಮೊದಲು ತಲೆಕೆಳಗೆಂದ ಗೆಳೆಯರಲ್ಲಿ ಇಬ್ಬರು ಈಗ ತಮ್ಮ ಗೇಟಿನಲ್ಲಿ ಟ್ಯಾಬ್ಲೆಟ್ ಇಟ್ಟಿದ್ದಾರೆ.

ಉಳಿದಿರುವುದು ಫಿಕ್ಸ್ಚರ್ (ಮಷಿನ್ನಿನಲ್ಲಿ ಮಾಲನ್ನು ಹಿಡಿದಿಡುವ ಸಾಧನ) ಮತ್ತು ಪ್ಯಾಟರ್ನ್‌ಗಳು (ಎರಕದ ಅಚ್ಚು ಮಾಡುವ ಮಾದರಿಗಳು). ಡೈ, ಜಿಗ್, ಫಿಕ್ಸ್ಚರುಗಳು ಮರಳುವುದಕ್ಕೆ ಕಾಯಿದೆಯಲ್ಲಿ ಅವಧಿಯ ಕಟ್ಟುಪಾಡಿಲ್ಲದಿರುವುದರಿಂದ ನಾವು ಅವನ್ನು ಎಣಿಸಿಯೇ ಇರಲಿಲ್ಲ. ಒಂಬತ್ತು ಕಡೆ ನಮ್ಮ ಫಿಕ್ಸ್ಚರುಗಳಿವೆ, ಫೌಂಡ್ರಿಗಳಲ್ಲಿ ಎಷ್ಟು ಪ್ಯಾಟರ್ನ್‌ಗಳಿವೆಯೆಂದು ಬಲ್ಲವರು ಆ ಸ್ಟೋರ್‌ಕೀಪರರೊಬ್ಬರೇ, ಅವರಿಗೆ ನಿವೃತ್ತಿಗೆ ಇನ್ನು ಎಂಟು ತಿಂಗಳಿದೆ. ಬರುವ ದೀಪಾವಳಿಯ ರಜೆಯಲ್ಲಿ ಅವರನ್ನು ಕರೆದುಕೊಂಡು, ಪಂಚ್ ಮಾಡಿದ ಬಿಲ್ಲೆಗಳ ಚೀಲ ಹಿಡಿದು, ಫೌಂಡ್ರಿಗಳಿಗೆ ಹೊರಡುವವನಿದ್ದೇನೆ.