ಪವರ್ ಕಾರ್ಡ್: ಬೇಡದ ತಂತಿಯ ಬಾಯಿ ಮುಚ್ಚಿಸುವುದು ಹೇಗೆ?

ಇಗರ್ಜಿಯ ಕ್ವಾಯರ್‌ನಲ್ಲಿ ಅಕೌಸ್ಟಿಕ್ ಗಿಟಾರ್ ನುಡಿಸಿ ಪಳಗಿದ ಕೈಗಳು ಮಂಗಳೂರಿನಲ್ಲಿ ಬೇಕಾದಷ್ಟಿವೆ. ಅದೇ ಕೈ ಎಲೆಕ್ಟ್ರಿಕ್ ಗಿಟಾರ್‌ಗೆ ಬಂದು ಡಿಸ್ಟಾರ್ಷನ್ (ನಾದವನ್ನು ಒರಟಾಗಿಸುವ ಎಫೆಕ್ಟ್) ಹಾಕಿದ ಕೂಡಲೇ ಪವರ್ ಕಾರ್ಡ್ ಗಲೀಜಾಗುತ್ತದೆ. ಆರೂ ತಂತಿ ಮೀಟುವ ಅಭ್ಯಾಸವೇ ಇದಕ್ಕೆ ಕಾರಣ.

ಪವರ್ ಕಾರ್ಡ್ ಅಂದರೆ ಒಟ್ಟಿಗೆ ನುಡಿಯುವ ಸ–ಪ–ಸ, ಅಷ್ಟೇ. ಗಾಂಧಾರ ಇಲ್ಲದ್ದರಿಂದ ಅದು ಮೇಜರ್ರೂ ಅಲ್ಲ, ಮೈನರ್ರೂ ಅಲ್ಲ. ಸ ಮತ್ತು ಪ ಕಂಪನಗಳ ಅನುಪಾತ 2:3. ಇಷ್ಟು ಸರಳವಾಗಿರುವುದರಿಂದಲೇ ಡಿಸ್ಟಾರ್ಷನ್ ಹುಟ್ಟಿಸುವ ಹೆಚ್ಚುವರಿ ಸ್ವರಗಳೂ ಅದರೊಂದಿಗೆ ಹೊಂದಿಕೊಳ್ಳುತ್ತವೆ. ಗಾಂಧಾರ ಸೇರಿದರೆ ನಾದ ಕಲಸಿಹೋಗುತ್ತದೆ.

ಮೊದಲು ಟ್ಯೂನರ್ ಇಟ್ಟು ಶ್ರುತಿ ಮಾಡಿ. ಆಮೇಲೆ ತೋರುಬೆರಳು 6ನೇ (ದಪ್ಪ) ತಂತಿಯ 5ನೇ ಫ್ರೆಟ್‌ನಲ್ಲಿ (ಗಿಟಾರ್ ಕುತ್ತಿಗೆಯ ಲೋಹಪಟ್ಟಿಗಳ ನಡುವಿನ ಮನೆ), ಉಂಗುರಬೆರಳು 5ನೇ ತಂತಿಯ 7ರಲ್ಲಿ, ಕಿರುಬೆರಳು 4ನೇ ತಂತಿಯ 7ರಲ್ಲಿ. ಇದು ಎ5, ಅಂದರೆ ಎ ಮೂಲಸ್ವರದ ಪವರ್ ಕಾರ್ಡ್. ಇದೇ ಆಕಾರ 3ನೇ ಫ್ರೆಟ್‌ಗೆ ಜಾರಿದರೆ ಜಿ5, 8ಕ್ಕೆ ಹೋದರೆ ಸಿ5.

ಕೆಡುವುದು ಇನ್ನು ಮುಂದೆ. ತೋರುಬೆರಳನ್ನು ಕಮಾನಿನಂತೆ ಬಗ್ಗಿಸಬೇಡಿ, ಮಲಗಿಸಿ. ತುದಿ ಮಾತ್ರ 6ನೇ ತಂತಿಯನ್ನು ಒತ್ತಲಿ. ಉಳಿದ ಭಾಗ 3, 2, 1ನೇ ತಂತಿಗಳನ್ನು ಸುಮ್ಮನೆ ಮುಟ್ಟಿಕೊಂಡಿರಲಿ. ಒತ್ತಿದರೆ ಅವೂ ನುಡಿಯುತ್ತವೆ. 5, 7, 12ನೇ ಫ್ರೆಟ್‌ಗಳಲ್ಲಿ ಇನ್ನೊಂದು ತೊಂದರೆಯಿದೆ: ಅಲ್ಲಿ ಹಗುರವಾಗಿ ಮುಟ್ಟಿದರೆ ತಂತಿ ನಿಲ್ಲುವ ಬದಲು ಗಂಟೆಯಂತೆ ಹಾರ್ಮೋನಿಕ್ (ತೆಳುವಾದ ಮೇಲಿನ ಸ್ವರ) ಹೊಮ್ಮಿಸುತ್ತದೆ. ಕೆಲಸವಿಲ್ಲದ ನಡುಬೆರಳನ್ನೂ ಪಕ್ಕದಲ್ಲೇ ಮಲಗಿಸಿ; ಎರಡು ಕಡೆ ತಾಗಿದ ತಂತಿ ಸುಮ್ಮನಾಗುತ್ತದೆ.

ಮೂಲಸ್ವರ 5ನೇ ತಂತಿಗೆ ಬಂದಾಗ (5, 7, 7ನೇ ಫ್ರೆಟ್‌ಗಳಲ್ಲಿ ಡಿ5) ತೋರುಬೆರಳ ತುದಿ ತುಸು ಮೇಲೆ ಚಾಚಿ 6ನೇ ತಂತಿಗೆ ತಾಗಲೇಬೇಕು. ಹೆಚ್ಚಿನವರು ಮರೆಯುವುದು ಇದನ್ನೇ. ಕೆಳಗಿನಿಂದ ಇ ಸ್ವರ ಗುಂಯ್‌ಗುಡುತ್ತಿದ್ದರೆ ಕಾರ್ಡ್ ಎಷ್ಟು ಸರಿಯಿದ್ದರೂ ತಪ್ಪಾಗಿಯೇ ಕೇಳುತ್ತದೆ.

ಪರೀಕ್ಷೆ ಹೀಗೆ: ಆಕಾರ ಹಿಡಿದು ಆರೂ ತಂತಿಗಳನ್ನು ಒಂದೊಂದಾಗಿ ಮೀಟಿ. ಮೂರು ನುಡಿಯಬೇಕು, ಮೂರು ಬರೀ ‘ಟಕ್’ ಅನ್ನಬೇಕು. ಮೊದಲು ಡಿಸ್ಟಾರ್ಷನ್ ಇಲ್ಲದೆ, ಆಮೇಲೆ ಹಾಕಿ.

6ನೇ ತಂತಿಯನ್ನು ಡಿ ಸ್ವರಕ್ಕಿಳಿಸಿ ಒಂದೇ ಬೆರಳಲ್ಲಿ ಬಾರಿಸುವ ಅಡ್ಡದಾರಿಯೂ ಉಂಟು. ಮೇಲಿನ ಪರೀಕ್ಷೆ ಪಾಸಾಗುವವರೆಗೆ ಅದು ಬೇಡ.

ಬಲಗೈಯಲ್ಲಿ ಕಿರುಬೆರಳ ಬದಿಯ ಅಂಗೈ ಅಂಚು ಬ್ರಿಡ್ಜ್ (ಗಿಟಾರ್ ಮೈಮೇಲೆ ತಂತಿಗಳು ಕೂರುವ ಆಧಾರ) ಮೇಲೆಯೇ ಕೂತರೆ ಪಾಮ್ ಮ್ಯೂಟ್, ಅಂದರೆ ಅಂಗೈಯಿಂದ ಅರೆಬರೆ ಅದುಮಿದ ನಾದ. ಅರ್ಧ ಇಂಚು ಮುಂದೆ ಹೋದರೂ ಸ್ವರ ಸತ್ತುಹೋಗುತ್ತದೆ. ಪಿಕ್ 1 ಮಿಲಿಮೀಟರ್ ದಪ್ಪದ್ದೇ ಇರಲಿ, ತೆಳ್ಳಗಿನದು ಬಳುಕಿ ತಾಳ ತಪ್ಪಿಸುತ್ತದೆ. ಗೇನ್ (ಡಿಸ್ಟಾರ್ಷನ್ ಎಷ್ಟು ಬೇಕೆಂದು ಹೊಂದಿಸುವ ಗುಂಡಿ) 10ರಲ್ಲಿ 5 ಸಾಕು. ಇನ್ನೂ ಏರಿಸಿದರೆ ಬೆರಳು ಸರಿಸುವ ಸದ್ದೂ ಕಿರುಚುತ್ತದೆ.

ನಮ್ಮ ಕರಾವಳಿಯ ಉಪ್ಪುಗಾಳಿ, ಮಳೆಗಾಲದ ತೇವಕ್ಕೆ ತಂತಿ ಬೇಗ ತುಕ್ಕು ಹಿಡಿಯುತ್ತದೆ. ನುಡಿಸಿದ ಮೇಲೆ ಒಣ ಹತ್ತಿಬಟ್ಟೆಯಿಂದ ತಂತಿಯ ಅಡಿಯನ್ನೂ ಒರೆಸಿ. ಕರಕರ ಅನ್ನುವ ತಂತಿಯನ್ನು ಉಜ್ಜಲು ಹೋಗಬೇಡಿ. 10–46ರ (ತೆಳು ಮತ್ತು ದಪ್ಪ ತಂತಿಯ ಗಾತ್ರ, ಇಂಚಿನ ಸಾವಿರದ ಭಾಗಗಳಲ್ಲಿ) ಹೊಸ ಸೆಟ್ ಹಾಕಿ.