ರೇಸ್ ಹುಡುಗರನ್ನು ಬೆನ್ನಟ್ಟದೆ ಹಿಡಿದದ್ದು ಹೀಗೆ

"ರಾತ್ರಿಯೆಲ್ಲಾ ಅಷ್ಟು ಜೋರಾಗಿ ರೇಸ್ ಹೊಡೀತಾರೆ, ನೀವು ಪೊಲೀಸ್ನೋರು ಅಟ್ಟಿಸ್ಕೊಂಡು ಹೋಗಿ ಹಿಡಿಯೋಕಾಗಲ್ವಾ?" ಈ ಪ್ರಶ್ನೆಯನ್ನು ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಕೇಳಿಸಿಕೊಂಡಿದ್ದೇನೆ. ನಾನು ಬೆಂಗಳೂರಿನಲ್ಲಿ ಟ್ರಾಫಿಕ್ ಸಬ್ ಇನ್‌ಸ್ಪೆಕ್ಟರ್ ಆಗಿದ್ದೆ, ಈಚೆಗೆ ರಿಟೈರ್ ಆದೆ. ಕೊನೆಯ ವರ್ಷಗಳೆಲ್ಲ ಹೆಬ್ಬಾಳದ ಆಸುಪಾಸಿನಲ್ಲೇ ಕಳೆದವು. ಹಿಡಿಯೋಕೆ ಆಗುತ್ತೆ. ಆದರೆ ಅಟ್ಟಿಸಿಕೊಂಡು ಹೋಗಿ ಅಲ್ಲ.

ನಮ್ಮ ಗಸ್ತಿನ ಹೊಯ್ಸಳ ಗಾಡಿ ಕೆಟಿಎಂ ಬೈಕನ್ನು ಮುಟ್ಟೋದು ಕಷ್ಟ, ಅದು ಹಾಗಿರಲಿ. ನಿಜವಾದ ಕಾರಣ ಬೇರೆ. ಹಿಂದೆ ಸೈರನ್ ಕೇಳಿದ ತಕ್ಷಣ ಹುಡುಗ ತಿರುಗಿ ನೋಡುತ್ತಾನೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡ್ ತಿರುಗಿ ನೋಡಿದರೆ ಬೈಕು 28 ಮೀಟರ್ ಮುಂದೆ ಹೋಗಿರುತ್ತೆ, ಕಣ್ಣಿಲ್ಲದೆ. ಎದುರಿಗೆ ರಸ್ತೆ ನಡುವಿನ ಮೀಡಿಯನ್ ಇರಬಹುದು, ಕಸ ಗುಡಿಸೋ ಹೆಂಗಸು ಇರಬಹುದು, ಇಂಡಿಕೇಟರ್ ಇಲ್ಲದ ಜಲ್ಲಿ ಲಾರಿ ಇರಬಹುದು. ತಪ್ಪು ಮಾಡಿದವನನ್ನು ಹಿಡಿಯೋಕೆ ಹೋಗಿ ಏನೂ ಮಾಡದವರನ್ನು ಸಾಯಿಸೋ ಕೆಲಸ ನಮಗೆ ಬೇಡ ಅಂತ ನಮ್ಮ ಹುಡುಗರಿಗೆ, ಅಂದರೆ ಕಾನ್‌ಸ್ಟೇಬಲ್‌ಗಳಿಗೆ, ಮೊದಲ ದಿನವೇ ಹೇಳಿಬಿಡುತ್ತಿದ್ದೆ. ಹೊಸದಾಗಿ ಬಂದವರ ಕಾಲು ತುರಿಸುತ್ತಿತ್ತು. ಆಮೇಲೆ ಒಗ್ಗಿಕೊಂಡರು.

ಜನ ಎಲ್ಲವನ್ನೂ ರೇಸ್ ಅಂತಾರೆ. ನಮ್ಮ ಲೆಕ್ಕದಲ್ಲಿ ಮೂರು ಬಗೆ. ಒಂದು, ವೀಲಿ ಹುಡುಗರು, ಅಂದರೆ ಮುಂದಿನ ಚಕ್ರ ಎತ್ತಿ ಹಿಂದಿನ ಚಕ್ರದ ಮೇಲೆ ಓಡಿಸೋರು. ಹದಿನಾರು ಹದಿನೇಳರ ವಯಸ್ಸು, ಕೈಯಲ್ಲಿ ಡಿಯೋ ಸ್ಕೂಟರ್, ತಲೆಗೆ ಹೆಲ್ಮೆಟ್ ಇಲ್ಲ, ಜೊತೆಗೆ ಮೊಬೈಲ್ ಹಿಡಿಯೋಕೆ ಒಬ್ಬ. ಎರಡು, ಡ್ರ್ಯಾಗ್ ಹೊಡೆಯೋರು, ಅಂದರೆ ನೇರ ರಸ್ತೆಯಲ್ಲಿ ಅಕ್ಕಪಕ್ಕ ನಿಂತು ಪೈಪೋಟಿಗೆ ಬಿಡೋರು. ಇವರದು ದುಡ್ಡಿನ ವ್ಯವಹಾರ. ಹಳೇ ಆರ್‌ಎಕ್ಸ್ ಹಂಡ್ರೆಡ್‌ನಿಂದ ಹಿಡಿದು ಡ್ಯೂಕ್‌ವರೆಗೆ, ಇಂಜಿನ್‌ಗೆ ಕೈ ಹಾಕಿಸಿರುತ್ತಾರೆ. ಬೆಟ್ಟಿಂಗ್ ಇರುತ್ತೆ. ಮೂರು, ಭಾನುವಾರ ಬೆಳಗ್ಗೆ ನಂದಿಬೆಟ್ಟದ ಕಡೆ ಹೊರಡೋ ದೊಡ್ಡ ಬೈಕಿನವರು. ಜಾಕೆಟ್, ಗ್ಲೌಸ್, ಕಾಗದಪತ್ರ ಎಲ್ಲಾ ಸರಿ ಇರುತ್ತೆ, ವೇಗ ಮಾತ್ರ ಸರಿ ಇರಲ್ಲ. ಇವರಿಗೆ ವೇಗ ಅಳೆಯೋ ನಮ್ಮ ಇಂಟರ್‌ಸೆಪ್ಟರ್ ಗಾಡಿಯ ಸ್ಪೀಡ್ ಗನ್ ಸಾಕು. ತಲೆನೋವು ಮೊದಲ ಎರಡು.

2008ರಲ್ಲಿ ದೇವನಹಳ್ಳಿ ಕಡೆ ಏರ್‌ಪೋರ್ಟ್ ಶುರುವಾದ ಮೇಲೆ, ಹೆಬ್ಬಾಳದಿಂದ ಅಲ್ಲಿಗೆ ಹೋಗೋ ಬಳ್ಳಾರಿ ರಸ್ತೆಯ ಹಣೆಬರಹ ಬದಲಾಯಿತು. ಸಿಗ್ನಲ್ ತೆಗೆದರು, ಮೇಲ್ಸೇತುವೆ ಬಂತು, ರಸ್ತೆ ನುಣ್ಣಗಾಯಿತು. ವಿಮಾನ ಹಿಡಿಯೋರಿಗೆ ಅನುಕೂಲ ಆದದ್ದೆಲ್ಲ ಇವರಿಗೂ ಅನುಕೂಲ ಆಯಿತು. ಆ ಕಡೆ ಊರಿನ ಹೊರಗಿನ ಟೋಲ್ ರಸ್ತೆ, ನೈಸ್ ರಸ್ತೆ ಇತ್ತು. 2022ರಲ್ಲಿ ಅಲ್ಲಿ ರಾತ್ರಿ 10ರಿಂದ ಬೆಳಗಿನ 5ರವರೆಗೆ ದ್ವಿಚಕ್ರ ವಾಹನಗಳನ್ನು ನಿಲ್ಲಿಸಿದರು. ಒಳ್ಳೆಯದೇ ಆಯಿತು, ಆದರೆ ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ತೆರೆಯುತ್ತೆ. ತುಮಕೂರು ರಸ್ತೆ, ಹೊಸೂರು ರಸ್ತೆ, ಹೊಸ ಲೇಔಟ್‌ಗಳ ಖಾಲಿ ರಸ್ತೆ, ಎಲ್ಲಾ ಕಡೆ ಹರಡಿಕೊಂಡರು. ಏರ್‌ಪೋರ್ಟ್ ಮೆಟ್ರೊ ಕೆಲಸಕ್ಕೆ ಬ್ಯಾರಿಕೇಡ್ ಬಿದ್ದಾಗ ಸರ್ವಿಸ್ ರಸ್ತೆಯ ಕಾಟ ಒಂದಷ್ಟು ಕಮ್ಮಿಯಾಯಿತು. ಆ ಬ್ಯಾರಿಕೇಡನ್ನು ಇಡೀ ಊರು ಬಯ್ಯುತ್ತಿದ್ದಾಗ ನಾನೊಬ್ಬ ಮನಸ್ಸಲ್ಲೇ ಖುಷಿಪಟ್ಟಿದ್ದೆ.

ರಾತ್ರಿಯ ಕೆಲಸ ಶುರುವಾಗೋದು ಹಗಲಲ್ಲಿ. ಸೋಮವಾರ ಬೆಳಗ್ಗೆ ರಸ್ತೆ ಮೇಲೆ ನಡೆದುಕೊಂಡು ಹೋಗುತ್ತಿದ್ದೆ. ಡ್ರ್ಯಾಗ್ ನಡೆದ ಜಾಗ ತನ್ನಷ್ಟಕ್ಕೆ ತಾನೇ ಹೇಳುತ್ತೆ. ಟಾರಿನ ಮೇಲೆ ಎರಡು ಕಪ್ಪು ಗೆರೆ, ಅಕ್ಕಪಕ್ಕ, ಒಂದೇ ಕಡೆಯಿಂದ ಶುರುವಾಗಿರುತ್ತವೆ. ಬ್ರೇಕ್ ಹಾಕಿದ ಗೆರೆ ಬರಬರುತ್ತಾ ದಟ್ಟವಾಗುತ್ತೆ. ಹಿಂದಿನ ಚಕ್ರ ಸುತ್ತಿ ಟೈರ್ ಸುಟ್ಟ ಗೆರೆ ಹಾಗಲ್ಲ, ಮೊದಲಲ್ಲಿ ದಟ್ಟ, ಮುಂದೆ ಹೋಗ್ತಾ ತೆಳು. ಅಲ್ಲಿಂದ ಹೆಜ್ಜೆ ಹಾಕುತ್ತಾ ಹೋದರೆ ಸುಮಾರು 400 ಮೀಟರ್‌ಗೆ ಮೀಡಿಯನ್ ಕಲ್ಲಿನ ಮೇಲೆ ಸ್ಪ್ರೇ ಪೇಂಟಿನ ಗುರುತು ಸಿಗುತ್ತೆ. ಡ್ರ್ಯಾಗ್ ರೇಸಿನ ಮಾಮೂಲು ದೂರ ಅಷ್ಟೇ, ಕಾಲು ಮೈಲಿ, 402 ಮೀಟರ್. ಗೆರೆ ಶುರುವಾದ ಕಡೆ ಪಕ್ಕದಲ್ಲಿ ಸಿಗರೇಟ್ ತುಂಡು, ಜ್ಯೂಸ್ ಬಾಟಲಿ, ಚಿಪ್ಸ್ ಕವರ್ ಇರುತ್ತೆ. ಜನ ನಿಂತದ್ದು ಅಲ್ಲಿ. ನಾವು ಹೋಗಬೇಕಾದದ್ದೂ ಅಲ್ಲಿಗೇ.

ಯಾಕಂದ್ರೆ ರೇಸ್ ಮುಗಿಸಿದವನು ಮನೆಗೆ ಹೋಗಲ್ಲ. ತಿರುಗಿಸಿಕೊಂಡು ಜನ ಇರೋ ಕಡೆಗೇ ಬರುತ್ತಾನೆ. ಬೆನ್ನು ತಟ್ಟಿಸಿಕೊಳ್ಳಬೇಕಲ್ಲ! ಇಂಜಿನ್ ಆಫ್ ಮಾಡಿ, ಹೆಲ್ಮೆಟ್ ಇದ್ದರೆ ತೆಗೆದು, ಏಳೆಂಟು ತಲೆ ಒಂದು ಮೊಬೈಲಿನ ಮೇಲೆ ಬಗ್ಗಿರುತ್ತವೆ. ಯಾರು ಮುಂದೆ, ಎಷ್ಟು ಮುಂದೆ ಅಂತ ವಿಡಿಯೊ ಹಿಂದೆ ಮುಂದೆ ಓಡಿಸುತ್ತಿರುತ್ತಾರೆ. ಆ ಹೊತ್ತಿನಲ್ಲಿ ಮಫ್ತಿಯಲ್ಲಿರೋ ನಮ್ಮವರು ನಡೆದುಕೊಂಡು ಹೋಗಿ ಮೊದಲು ಕೈ ಹಾಕುತ್ತಿದ್ದದ್ದು ಹುಡುಗರ ಕಾಲರ್‌ಗೆ ಅಲ್ಲ, ಬೈಕಿನ ಕೀಗೆ. ಕೀ ಕಿತ್ತುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಓಡಿಹೋದವನು ಬೈಕಿಗಾಗಿ ತಾನಾಗೇ ಬರುತ್ತಾನೆ, ಇಲ್ಲಾ ಅವರಪ್ಪ ಬರುತ್ತಾರೆ.

ನಾಕಾಬಂದಿಯನ್ನೂ ಮಾಡುತ್ತಿದ್ದೆವು. ಆದರೆ ಕತ್ತಲಲ್ಲಿ ದಿಢೀರ್ ಅಂತ ಬ್ಯಾರಿಕೇಡ್ ಎಳೆಯೋದು ನನಗೆ ಇಷ್ಟವಿರಲಿಲ್ಲ. ಮೇಲ್ಸೇತುವೆ ಹತ್ತಿದವನು ಇಳಿಯಲೇಬೇಕು. ಇಳಿಯೋ ಕಡೆ, ದೂರದಿಂದಲೇ ಕಾಣೋ ಹಾಗೆ ಲೈಟ್ ಹಾಕಿ, ಬ್ಯಾರಿಕೇಡ್‌ಗಳನ್ನು ಹಾವಿನ ನಡೆಯಂತೆ ಅಡ್ಡಡ್ಡ ಇಟ್ಟರೆ ಎಲ್ಲರೂ ನಿಧಾನ ಮಾಡಲೇಬೇಕು. ಹಿಂದಕ್ಕೆ ತಿರುಗಿಸಿ ಒನ್‌ವೇನಲ್ಲಿ ಓಡೋಕೆ ನೋಡುತ್ತಾರೆ, ಅದಕ್ಕೆ ಹತ್ತೋ ಕಡೆಯೂ ಒಂದು ತಂಡ ಇರಬೇಕು. ಅಷ್ಟು ಜನ ಇಲ್ಲದ ರಾತ್ರಿ ನಾಕಾಬಂದಿಯ ಗೋಜಿಗೇ ಹೋಗಬಾರದು. ಡಿಸೆಂಬರ್ 31ರ ರಾತ್ರಿ ಊರಿನ ಫ್ಲೈಓವರ್‌ಗಳನ್ನೇ ಮುಚ್ಚಿಬಿಡೋದು ಇದೇ ಲೆಕ್ಕದ ಮೇಲೆ.

ವೀಲಿ ಹುಡುಗರ ವಿಷಯದಲ್ಲಿ ರಸ್ತೆಗಿಂತ ಜಾಸ್ತಿ ಕೆಲಸ ಮಾಡಿದ್ದು ಇನ್‌ಸ್ಟಾಗ್ರಾಮ್. ನಮ್ಮಲ್ಲೊಬ್ಬ ಚುರುಕಾದ ಕಾನ್‌ಸ್ಟೇಬಲ್ ಇದ್ದ, ರೀಲ್ಸ್ ನೋಡೋದನ್ನೇ ಅವನಿಗೆ ಡ್ಯೂಟಿ ಹಾಕಿದೆ. ನಂಬರ್ ಪ್ಲೇಟ್ ಇರೋದೇ ಇಲ್ಲ. ಇದ್ದರೂ ಮೇಲಕ್ಕೆ ಮಡಚಿರುತ್ತಾರೆ, ಇಲ್ಲಾ ಮಾಸ್ಕ್ ತೂಗುಹಾಕಿರುತ್ತಾರೆ. ಅವನು ವಿಡಿಯೊ ನಿಲ್ಲಿಸಿ ನಿಲ್ಲಿಸಿ ನೋಡುತ್ತಿದ್ದ. ಹಿಂದೆ ಯಾವ ಹೋರ್ಡಿಂಗ್ ಇದೆ, ಅದು ಯಾವ ವಾರ ಹಾಕಿದ್ದು, ಮೆಟ್ರೊ ಪಿಲ್ಲರ್ ಎಷ್ಟು ಎತ್ತರ ಬಂದಿದೆ, ಸ್ಕೂಟರಿನ ರಿಮ್ ಯಾವ ಬಣ್ಣ. ಅದೇ ಹುಡುಗ ಎರಡು ವರ್ಷ ಹಿಂದೆ ಸ್ಕೂಟರ್ ತಗೊಂಡ ದಿನ ಹಾರ ಹಾಕಿ, ನಿಂಬೆಹಣ್ಣು ಇಟ್ಟು ತೆಗೆಸಿಕೊಂಡ ಫೋಟೊ ಹುಡುಕಿದರೆ ಅಲ್ಲಿ ನಂಬರ್ ಪ್ಲೇಟ್ ಚೊಕ್ಕವಾಗಿ ಕಾಣುತ್ತಿತ್ತು. ಆಮೇಲೇನು, ವಿಳಾಸ ಆರ್‌ಟಿಒ ದಾಖಲೆಯಲ್ಲೇ ಇರುತ್ತೆ.

ಸ್ಕೂಟರ್ ಕೈಗೆ ಸಿಕ್ಕಿದ ಮೇಲೆ "ನಾನು ವೀಲಿ ಮಾಡೇ ಇಲ್ಲ ಸಾರ್" ಅನ್ನೋದು ಮಾಮೂಲು. ಬಗ್ಗಿ ಹಿಂದುಗಡೆ ನೋಡುತ್ತಿದ್ದೆ. ಮುಂದಿನ ಚಕ್ರ ಪೂರ್ತಿ ಎತ್ತಿದಾಗ ಹಿಂದಿನ ಮಡ್‌ಗಾರ್ಡ್ ನೆಲಕ್ಕೆ ತಾಗುತ್ತೆ. ಅದರ ಅಂಚು ಉಜ್ಜಿ ಉಜ್ಜಿ ಬೆಳ್ಳಗೆ ನಾರು ಎದ್ದಿರುತ್ತೆ, ಸೈಲೆನ್ಸರ್ ತುದಿಯ ಕೆಳಭಾಗ ಹೊಳೀತಿರುತ್ತೆ. ಮಡ್‌ಗಾರ್ಡೇ ಇಲ್ಲ ಅಂದ್ರೆ ಕತ್ತರಿಸಿ ಎಸೆದಿದ್ದಾರೆ ಅಂತ. ಸ್ಪೀಡ್ ಬ್ರೇಕರ್‌ಗೆ ಉಜ್ಜಿದ್ದು ಅಂತ ಒಬ್ಬ ವಾದಿಸಿದ್ದ. ಸ್ಪೀಡ್ ಬ್ರೇಕರ್ ಉಜ್ಜೋದು ಹೊಟ್ಟೆಯ ಕೆಳಗೆ ಕಣೋ, ಬಾಲಕ್ಕಲ್ಲ ಅಂದೆ. ಪಕ್ಕದಲ್ಲಿ ನಿಂತಿದ್ದ ಅವನ ತಾಯಿಗೇ ನಗು ಬಂತು.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ರೇಸಿಗೆ. 2019ರ ತಿದ್ದುಪಡಿಗೆ ಮುಂಚೆ ದಂಡ ಬರೀ 500 ರೂಪಾಯಿವರೆಗೆ ಇತ್ತು, ಕೇಳಿದರೆ ನಗು ಬರುತ್ತೆ. ಈಗ ಮೊದಲ ಸಲ ಮೂರು ತಿಂಗಳವರೆಗೆ ಜೈಲು ಅಥವಾ 5,000ದವರೆಗೆ ದಂಡ, ಇಲ್ಲಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಒಂದು ವರ್ಷ, 10,000. ಆದರೆ ರೇಸ್ ಅಂತ ಸಾಬೀತು ಮಾಡೋಕೆ ವಾಹನಗಳ ನಡುವೆ ಪೈಪೋಟಿ ಇತ್ತು ಅಂತ ತೋರಿಸಬೇಕು. ಒಬ್ಬನೇ ವೀಲಿ ಮಾಡಿದರೆ ಅದು ರೇಸಲ್ಲ. ಆಗ ಅಪಾಯಕಾರಿ ಚಾಲನೆಯ 184, ಜೊತೆಗೆ ಮೊದಲು ಐಪಿಸಿ 279 ಇದ್ದದ್ದು, 2024ರ ಜುಲೈನಿಂದ ಹೊಸ ಭಾರತೀಯ ನ್ಯಾಯ ಸಂಹಿತೆಯ (ಬಿಎನ್ಎಸ್) 281. ವೀಲಿಯ ಬಗ್ಗೆ ನೇರವಾಗಿ ಹೇಳೋ ಸೆಕ್ಷನ್ ಇಲ್ಲ. 2025ರಲ್ಲಿ ಹೈಕೋರ್ಟಿನ ಧಾರವಾಡ ಪೀಠ ಗಂಗಾವತಿಯ ಒಂದು ವೀಲಿ ಪ್ರಕರಣದಲ್ಲಿ ಜಾಮೀನು ನಿರಾಕರಿಸುವಾಗ ಇದೇ ಕೊರತೆಯನ್ನು ಎತ್ತಿ ಹೇಳಿತು. ಠಾಣೆಯಲ್ಲಿ ಕೂತು ಎಫ್ಐಆರ್ ಬರೆಯೋರಿಗೆ ಅದು ಮುಂಚಿನಿಂದಲೂ ಗೊತ್ತಿದ್ದ ಸಂಕಟ.

ದಂಡಕ್ಕೆ ಯಾರೂ ಹೆದರಲ್ಲ. ಐದು ಸಾವಿರ ಅಂದರೆ ಗೆಳೆಯರ ಫೋನ್‌ಪೇಗಳಿಂದ ಹತ್ತು ನಿಮಿಷದಲ್ಲಿ ಒಟ್ಟಾಗುತ್ತೆ. ಅವರಿಗೆ ನೋವಾಗೋದು ಬೈಕು ಕಣ್ಣೆದುರು ಠಾಣೆಯ ಕಾಂಪೌಂಡಲ್ಲಿ ಮಳೆಯಲ್ಲಿ ನೆನೆಯುವಾಗ. ಕೇಸು ದಾಖಲಾಗಿ, ಬ್ರೇಕ್ ಇನ್‌ಸ್ಪೆಕ್ಟರ್ ನೋಡಿ, ಕೋರ್ಟಿನ ಆದೇಶ ಬರೋವರೆಗೆ ಗಾಡಿ ಅಲ್ಲೇ. ದಿನಾ ಬಂದು ಗೇಟಿನ ಹೊರಗಿನಿಂದ ನೋಡಿಕೊಂಡು ಹೋಗೋರಿದ್ದರು. ಮತ್ತೆ ಮತ್ತೆ ಸಿಗೋರಿಗೆ ಒಳ್ಳೆಯ ನಡತೆಯ ಬಾಂಡ್ ಬರೆಸೋದು ಇನ್ನೂ ಚೆನ್ನಾಗಿ ಕೆಲಸ ಮಾಡಿತು. ಬಾಂಡ್ ಮುರಿದರೆ ಒಳಗೆ ಹೋಗಬೇಕು ಅನ್ನೋದು ಅವರ ಮನಸ್ಸಿಗೆ ಇಳಿಯುತ್ತಿತ್ತು.

ಮೈನರ್ ಆದರೆ ವಿಷಯವೇ ಬೇರೆ. 199ಎ ಪ್ರಕಾರ ಗಾಡಿ ಕೊಟ್ಟ ಅಪ್ಪ ಅಮ್ಮನ ಮೇಲೆ ಕೇಸು, 25,000 ದಂಡ, ಮೂರು ವರ್ಷದವರೆಗೆ ಜೈಲು ಕೂಡ ಆಗಬಹುದು. ಗಾಡಿಯ ನೋಂದಣಿ 12 ತಿಂಗಳು ರದ್ದು, ಹುಡುಗನಿಗೆ 25 ವರ್ಷ ತುಂಬೋವರೆಗೆ ಲೈಸೆನ್ಸ್ ಇಲ್ಲ. ಇದನ್ನು ಓದಿ ಹೇಳಿದಾಗ ಒಬ್ಬ ತರಕಾರಿ ವ್ಯಾಪಾರಿ ತಂದೆ ಕೇಳಿದ್ದು ಇನ್ನೂ ಕಿವಿಯಲ್ಲಿದೆ: "ಸಾರ್, ಮಾರ್ಕೆಟ್ಟಿಗೆ ಬೆಳಗ್ಗೆ ಮೂರಕ್ಕೆ ಇವನೇ ನನ್ನ ಕರ್ಕೊಂಡು ಹೋಗೋನು. ಕೀ ಕೊಡದೆ ಏನ್ ಮಾಡ್ಲಿ?" ಕೇಸಂತೂ ಹಾಕಿದೆ. ಅವರ ಪ್ರಶ್ನೆಗೆ ಉತ್ತರ ಇರಲಿಲ್ಲ.

ಗ್ಯಾರೇಜಿನವರನ್ನು ಮಾತ್ರ ನಾನು ಸುಮ್ನೆ ಬಿಡುತ್ತಿರಲಿಲ್ಲ. ಹುಡುಗನಿಗೆ ಬುದ್ಧಿ ಇಲ್ಲ ಸರಿ, ನಲವತ್ತು ದಾಟಿದ ಮೆಕ್ಯಾನಿಕ್‌ಗೂ ಇಲ್ವಾ? "ನಾನು ಬರೀ ಆಯಿಲ್ ಚೇಂಜ್ ಮಾಡೋನು ಸಾರ್" ಅಂತಾರೆ. ಗೋಡೆಯ ಮೊಳೆಗಳಲ್ಲಿ ನೋಡಿದರೆ ಬಿಚ್ಚಿಟ್ಟ ಕಂಪನಿ ಸೈಲೆನ್ಸರ್‌ಗಳು ಸಾಲಾಗಿ ನೇತಾಡುತ್ತಿರುತ್ತವೆ. ಬೈಕು ಬಿಡಿಸಿಕೊಳ್ಳೋಕೆ ಬಂದವರಿಗೆ ಅದನ್ನೇ ಹೇಳುತ್ತಿದ್ದೆ: ಮೊದಲು ಹಳೇ ಸೈಲೆನ್ಸರ್ ಹುಡುಕಿಕೊಂಡು ಬಾ, ಆಮೇಲೆ ಮಾತು.

2024ರ ಆಗಸ್ಟ್‌ನಲ್ಲಿ ತುಮಕೂರು ರಸ್ತೆಯಲ್ಲಿ, ಅಡಕಮಾರನಹಳ್ಳಿ ಹತ್ತಿರ, ರೋಸಿಹೋದ ಜನ ವೀಲಿ ಹುಡುಗರ ಸ್ಕೂಟರ್‌ಗಳನ್ನು ಫ್ಲೈಓವರ್ ಮೇಲಿಂದ ಕೆಳಗೆ ಎಸೆದರಲ್ಲ, ಆ ವಿಡಿಯೊ ನಮ್ಮ ಗ್ರೂಪುಗಳಲ್ಲೂ ಓಡಾಡಿತು. ಶಭಾಷ್ ಅಂದವರೇ ಜಾಸ್ತಿ. ನನಗೆ ಮೊದಲು ಬಂದ ಯೋಚನೆ, ಕೆಳಗೆ ಯಾರಾದರೂ ಹೋಗುತ್ತಿದ್ದರೆ? ಜನರ ಸಿಟ್ಟು ಅರ್ಥವಾಗುತ್ತೆ. ಆದರೆ ಸಿಟ್ಟಲ್ಲಿ ಗಾಡಿ ಎಸೆಯೋ ಬದಲು 112ಕ್ಕೆ ಫೋನ್ ಮಾಡಿ, ಜಾಗ ಮತ್ತು ಹೊತ್ತು ಸರಿಯಾಗಿ ಹೇಳಿದ್ದರೆ ನನ್ನಂಥವನಿಗೆ ಜಾಸ್ತಿ ಉಪಯೋಗವಾಗುತ್ತಿತ್ತು. ವಾರಾವಾರ ಒಂದೇ ಹೊತ್ತಿಗೆ ಒಂದೇ ಜಾಗದಿಂದ ಕರೆ ಬಂದರೆ ನಾವು ಮುಂದಿನ ವಾರ ಮುಂಚೆಯೇ ಹೋಗಿ ನಿಂತಿರುತ್ತೇವೆ.

"ಹಾಗಾದ್ರೆ ಎಲ್ಲಿ ಓಡಿಸೋದು ಸಾರ್?" ಅಂತ ಡ್ರ್ಯಾಗ್ ಹುಡುಗರು ಕೇಳುತ್ತಿದ್ದರು. ನ್ಯಾಯವಾದ ಪ್ರಶ್ನೆ. ಕೊಯಮತ್ತೂರಿನ ಕರಿ ಸ್ಪೀಡ್‌ವೇ ಅಥವಾ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೆ ಹೋಗಿ ಅನ್ನುತ್ತಿದ್ದೆ. ಒಬ್ಬ ನಿಜವಾಗಲೂ ಹೋಗಿ ಬಂದ. ರೈಡಿಂಗ್ ಸೂಟು, ಬೂಟು, ಟೈರು, ಹೋಗಿ ಬರೋ ಖರ್ಚು ಎಲ್ಲಾ ಸೇರಿ ಬೈಕಿನ ಕಂತಿಗಿಂತ ಜಾಸ್ತಿ ಆಯ್ತು ಅಂದ. ನಮ್ಮೂರಲ್ಲೇ ಯಾಕೆ ಒಂದು ರಸ್ತೆ ಕೊಡಬಾರದು ಅಂತಲೂ ಕೇಳಿದ. 189ನೇ ಸೆಕ್ಷನ್ ತೆಗೆದು ತೋರಿಸಿದೆ. ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದ ರೇಸು ಅಪರಾಧ ಅಂತ ಇದೆ, ಅಂದರೆ ಒಪ್ಪಿಗೆ ಪಡೆಯೋ ದಾರಿ ಕಾಗದದ ಮೇಲಾದರೂ ಇದೆ. ಅವನು ಅಲ್ಲೇ ಕೂತು ಏನೇನು ಬೇಕಾಗುತ್ತೆ ಅಂತ ಪಟ್ಟಿ ಮಾಡತೊಡಗಿದ. ಆಂಬುಲೆನ್ಸ್, ವಿಮೆ, ಬೇಲಿ, ಬೈಕ್ ತಪಾಸಣೆ. ಓಡೋಕೆ 400 ಮೀಟರ್ ಅಂತ ಬರೆದು, ನಿಲ್ಲೋಕೆ ಎಷ್ಟು ಅಂತ ಬರೆಯೋದನ್ನು ಬಿಟ್ಟಿದ್ದ. ಅದಕ್ಕೆ ಇನ್ನೂ ಅಷ್ಟೇ, ಇಲ್ಲಾ ಅದಕ್ಕಿಂತ ಜಾಸ್ತಿ ಜಾಗ ಬೇಕು ಕಣಪ್ಪಾ ಅಂದಾಗ ಪೆನ್ನು ನಿಲ್ಲಿಸಿ, ಬಳ್ಳಾರಿ ರಸ್ತೆಯಲ್ಲಿ ಅಷ್ಟು ಖಾಲಿ ಜಾಗ ಯಾವತ್ತೂ ಇರಲ್ವಲ್ಲ ಸಾರ್ ಅಂದ.