ಭಿನ್ನಮತದವರು ಗುಂಪು ಬಿಟ್ಟು ಹೋಗದಂತೆ ನೋಡಿಕೊಳ್ಳುವುದು ಹೇಗೆ: ಅಡ್ಮಿನ್‌ಗಳಿಗೊಂದು ಕೈಪಿಡಿ

ರಾಜಕೀಯ ಚರ್ಚೆಯ ವಾಟ್ಸಾಪ್ ಗುಂಪುಗಳಲ್ಲಿ ಭಿನ್ನವಾಗಿ ಮಾತನಾಡುವವರನ್ನು ಅಡ್ಮಿನ್‌ಗಳು ತೆಗೆದುಹಾಕುತ್ತಾರೆ ಎಂಬ ದೂರು ಸಾಮಾನ್ಯವಾಗಿ ಕೇಳಿಬರುತ್ತದೆ. ನಾನು ಕಂಡಂತೆ, ಹಾಗೆ ಹೊರಗೆ ಹಾಕಿಸಿಕೊಳ್ಳುವವರಿಗಿಂತ ತಾವಾಗಿಯೇ ಹೊರಟುಹೋಗುವವರು ಬಹಳ ಹೆಚ್ಚು; ಹೋಗದೆ ಉಳಿದವರು ಹಬ್ಬದ ಶುಭಾಶಯಕ್ಕೆ ಕೈಮುಗಿಯುವ ಚಿತ್ರ ಹಾಕುವಷ್ಟಕ್ಕೆ ತಮ್ಮ ಮಾತನ್ನು ಮುಗಿಸಿಕೊಳ್ಳುತ್ತಾರೆ. ನಮ್ಮ ತಾಲ್ಲೂಕಿನ ಒಂದು ಚರ್ಚಾ ಗುಂಪನ್ನು ಏಳು ವರ್ಷಗಳಿಂದ ನೋಡಿಕೊಳ್ಳುತ್ತಿರುವ ನನಗೆ ಇಷ್ಟು ತಿಳಿಯಲು ಒಂದು ಬಸ್ಸಿನ ಪ್ರಸಂಗವೇ ಬೇಕಾಯಿತು.

ಮಹಿಳೆಯರಿಗೆ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ ನೀಡುವ ಶಕ್ತಿ ಯೋಜನೆ 2023ರ ಜೂನ್ 11ರಂದು ಆರಂಭವಾಗಿ ಕೆಲವು ವಾರಗಳಾಗಿದ್ದವು. ನಮ್ಮ ಗುಂಪಿನಲ್ಲಿ ಬಹುತೇಕರು, ನಾನೂ ಸೇರಿದಂತೆ, ಯೋಜನೆಯ ಪರವಾಗಿದ್ದೆವು. ನಿವೃತ್ತ ಮೇಷ್ಟ್ರೊಬ್ಬರು, "ಬೆಳಿಗ್ಗೆ ಎಂಟೂವರೆಯ ಬಸ್ಸು ತುಂಬಿ ಬರುವುದರಿಂದ ನಮ್ಮ ಸ್ಟಾಪಿನಲ್ಲಿ ನಿಲ್ಲಿಸುತ್ತಿಲ್ಲ, ಹೈಸ್ಕೂಲಿಗೆ ಹೋಗುವ ಮಕ್ಕಳು ಅಲ್ಲೇ ಉಳಿಯುತ್ತಿದ್ದಾರೆ, ಮೊದಲು ಬಸ್ಸು ಹೆಚ್ಚಿಸಿ ಆಮೇಲೆ ಇದನ್ನು ತರಬೇಕಿತ್ತು" ಎಂದು ಬರೆದರು. ನಲವತ್ತು ನಿಮಿಷಗಳಲ್ಲಿ 31 ಉತ್ತರಗಳು ಬಂದವು. ಆಮೇಲೆ ಕುಳಿತು ಎಣಿಸಿದಾಗ, ಬಸ್ಸಿನ ಬಗ್ಗೆ ಏನಾದರೂ ಹೇಳಿದ್ದವು ಮೂರೇ ಮೂರು. ಮಿಕ್ಕವು ಮೇಷ್ಟ್ರು ಯಾವ ಪಕ್ಷದ ಗುಲಾಮರು, ಪಿಂಚಣಿ ತಿನ್ನುವವರಿಗೆ ಕೂಲಿ ಹೆಂಗಸರ ಕಷ್ಟವೇನು ಗೊತ್ತು, ಇಷ್ಟು ದಿನ ಬಾಯಿ ಬಿಡದವರು ಈಗೇಕೆ ಬಿಟ್ಟರು ಎಂಬ ಧಾಟಿಯವು. ಬಿಡಿಬಿಡಿಯಾಗಿ ನೋಡಿದರೆ ಅಳಿಸಲೇಬೇಕಾದಂಥ ಮಾತು ಒಂದೂ ಇರಲಿಲ್ಲ. ಅವುಗಳಲ್ಲಿ ಒಂದಕ್ಕೆ ನಾನೂ ನಗುವ ಮುಖ ಒತ್ತಿದ್ದೆ. ರಾತ್ರಿ ಹತ್ತರ ಹೊತ್ತಿಗೆ ಮೇಷ್ಟ್ರು ಗುಂಪಿನಲ್ಲಿರಲಿಲ್ಲ.

2022ರಲ್ಲಿ ವಾಟ್ಸಾಪ್ ಮಾಡಿದ ಬದಲಾವಣೆಯಿಂದಾಗಿ ಯಾರಾದರೂ ಗುಂಪು ಬಿಟ್ಟರೆ ಅದರ ಸೂಚನೆ ಅಡ್ಮಿನ್‌ಗಳಿಗಷ್ಟೇ ಹೋಗುತ್ತದೆ. ಬಿಡುವವರ ಮಾನ ಉಳಿಸುವ ಒಳ್ಳೆಯ ಏರ್ಪಾಡೇ ಇದು. ಆದರೆ ಮರುದಿನ ಬೆಳಿಗ್ಗೆ ಉಳಿದವರಿಗೆ ಗುಂಪು ಒಮ್ಮತದಿಂದ ಇದ್ದಂತೆಯೇ ಕಾಣುತ್ತದೆ. ಅಡ್ಮಿನ್ ಆದವರು ಮೊದಲು ರೂಢಿಸಿಕೊಳ್ಳಬೇಕಾದ ಅಭ್ಯಾಸ ಇಲ್ಲಿಂದಲೇ ಶುರುವಾಗುತ್ತದೆ. ಸದಸ್ಯರ ಪಟ್ಟಿಯ ಕೊನೆಯಲ್ಲಿ ಕಳೆದ 60 ದಿನಗಳಲ್ಲಿ ಹೊರಹೋದವರ ಹೆಸರುಗಳು ಸಿಗುತ್ತವೆ; ತಿಂಗಳಿಗೊಮ್ಮೆ ಅದನ್ನು ತೆರೆದು, ಆ ಹೆಸರುಗಳು ಒಂದೇ ಕಡೆಯವರದ್ದೇ ಎಂದು ನೋಡಿಕೊಳ್ಳಿ. ಹೌದಾದರೆ ನಿಮ್ಮ ನಿಯಮಗಳು ಎಷ್ಟೇ ಚೆನ್ನಾಗಿದ್ದರೂ ಕೆಲಸ ಮಾಡುತ್ತಿಲ್ಲ ಎಂದೇ ತಿಳಿಯಬೇಕು.

ನಿಯಮ ಬರೆಯುವ ಮೊದಲು ಗುಂಪು ಯಾವುದಕ್ಕೆಂದು ತೀರ್ಮಾನಿಸಿ

ಒಂದು ಪಕ್ಷದ ಬೂತ್ ಮಟ್ಟದ ಕಾರ್ಯಕರ್ತರ ಗುಂಪಿನಲ್ಲಿ ಎದುರಾಳಿ ಪಕ್ಷದವರಿಗೆ ಜಾಗವಿರಬೇಕೆಂದು ಯಾರೂ ಕೇಳುವುದಿಲ್ಲ. ಅಲ್ಲಿ ಬೇಕಾದದ್ದು ಸ್ವಪಕ್ಷೀಯರ ಅತೃಪ್ತಿಗೆ ಜಾಗ. ತೊಂದರೆ ಬರುವುದು ಹೆಸರಿನಲ್ಲಿ "ಚರ್ಚಾ ವೇದಿಕೆ", "ಚಿಂತನ", "ನಮ್ಮ ಊರು" ಎಂದಿದ್ದು ಒಳಗೆ ಒಂದೇ ಪಕ್ಷದ ಪೋಸ್ಟರುಗಳು ಓಡಾಡುವ ಗುಂಪುಗಳಲ್ಲಿ. ಗುಂಪಿನ ವಿವರಣೆಯಲ್ಲಿ ಯಾರು ಬೇಕಾದರೂ ಬರಬಹುದು ಎಂದು ಬರೆದ ಮೇಲೆ ಬಂದವರ ಮಾತನ್ನು ಕೇಳುವ ಹೊಣೆಯೂ ನಿಮ್ಮದಾಗುತ್ತದೆ.

ನಿಯಮಗಳನ್ನು ಜಗಳವಿಲ್ಲದ ದಿನ ಬರೆಯಬೇಕು. ಜಗಳದ ನಡುವೆ ಹುಟ್ಟಿದ ನಿಯಮ ಯಾರದೋ ಒಬ್ಬರ ಮುಖ ನೋಡಿಕೊಂಡು ಬರೆದದ್ದಾಗಿರುತ್ತದೆ, ಮತ್ತು ಅದು ಎಲ್ಲರಿಗೂ ತಿಳಿಯುತ್ತದೆ. ಯಾವ ಮಾತನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂಬುದಕ್ಕೆ ನಾನು ಸುಪ್ರೀಂ ಕೋರ್ಟಿನಿಂದ ಸಾಲ ಪಡೆದ ಅಳತೆಗೋಲು ಒಂದಿದೆ. ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹ ಸಂದೇಶ ಕಳಿಸುವುದನ್ನು ಅಪರಾಧವಾಗಿಸಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಲ್ ಪ್ರಕರಣದಲ್ಲಿ ರದ್ದುಪಡಿಸುವಾಗ ನ್ಯಾಯಾಲಯವು ಮಾತನ್ನು ಚರ್ಚೆ, ಪ್ರತಿಪಾದನೆ, ಪ್ರಚೋದನೆ ಎಂದು ಮೂರಾಗಿ ವಿಂಗಡಿಸಿತು. ಮೊದಲ ಎರಡು ಎಷ್ಟೇ ಜನಕ್ಕೆ ಅಪ್ರಿಯವಾಗಿದ್ದರೂ ಅವು ಅಭಿವ್ಯಕ್ತಿ ಸ್ವಾತಂತ್ರ್ಯದ ತಿರುಳೆಂದೂ, ಮಾತು ಪ್ರಚೋದನೆಯ ಮಟ್ಟ ಮುಟ್ಟಿದಾಗಲೇ ನಿರ್ಬಂಧದ ಪ್ರಶ್ನೆ ಏಳುತ್ತದೆಂದೂ ಹೇಳಿತು. ಖಾಸಗಿ ಗುಂಪಿಗೆ ಈ ತೀರ್ಪು ನೇರವಾಗಿ ಅನ್ವಯಿಸುವುದಿಲ್ಲ. ಆದರೆ "ಈ ಮಾತು ನನಗೆ ಸಿಟ್ಟು ತರಿಸಿತು" ಎಂಬುದನ್ನೂ "ಈ ಮಾತು ಯಾರನ್ನೋ ಹೊಡೆಯಲು ಕಳಿಸುತ್ತಿದೆ" ಎಂಬುದನ್ನೂ ಬೇರ್ಪಡಿಸಲು ಇದಕ್ಕಿಂತ ಸರಳವಾದ ದಾರಿ ನನಗೆ ಸಿಕ್ಕಿಲ್ಲ.

ಇಲ್ಲಿ ಅಡ್ಮಿನ್‌ಗಳ ಒಂದು ಭಯದ ಬಗ್ಗೆ ಹೇಳಬೇಕು. "ಕೇಸು ನನ್ನ ಮೇಲೆ ಬಿದ್ದರೆ ಯಾರು ನೋಡುತ್ತಾರೆ?" ಎಂದು ಹೇಳಿ ಸರ್ಕಾರದ ಟೀಕೆಯನ್ನೆಲ್ಲ ಅಳಿಸುವವರಿದ್ದಾರೆ. ಸದಸ್ಯರೊಬ್ಬರು ಹಾಕಿದ ಆಕ್ಷೇಪಾರ್ಹ ಸಂದೇಶಕ್ಕೆ ಅಡ್ಮಿನ್ ಎಂಬ ಒಂದೇ ಕಾರಣದಿಂದ ಯಾರನ್ನೂ ಹೊಣೆ ಮಾಡಲಾಗದು ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟು 2022ರ ಫೆಬ್ರುವರಿಯಲ್ಲಿ ಹೇಳಿವೆ. ಬೇರೆಯವರ ಸಂದೇಶವನ್ನು ಅಳಿಸುವ ಸೌಲಭ್ಯ ಅಡ್ಮಿನ್‌ಗಳಿಗೆ ಸಿಕ್ಕಿದ್ದು ಈ ತೀರ್ಪುಗಳ ನಂತರ; ಅಳಿಸಲು ನನ್ನಿಂದಾಗದು ಎಂದು ಈಗ ಹೇಳುವಂತಿಲ್ಲ. ಆದ್ದರಿಂದ ಕೋಮುದ್ವೇಷದ, ಹಿಂಸೆಗೆ ಕರೆ ಕೊಡುವ ಸಂದೇಶ ಕಣ್ಣಿಗೆ ಬಿದ್ದ ಕೂಡಲೇ ಅಳಿಸುವುದು ಜಾಣತನ. ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಮು ಇರುವುದು ಗುಂಪುಗಳ ನಡುವೆ ದ್ವೇಷ ಹುಟ್ಟಿಸುವ ಅಂಥ ಮಾತಿಗೆ. ಮಂತ್ರಿಯೊಬ್ಬರ ಕೆಲಸ ಸರಿಯಿಲ್ಲ ಎಂದವರನ್ನು ಆ ಸಾಲಿಗೆ ಸೇರಿಸಬೇಡಿ.

ಮೊದಲು ತಡೆಯಬೇಕಾದವರು ನಿಮ್ಮ ಕಡೆಯವರು

ಅಡ್ಮಿನ್ ಯಾರನ್ನು ಗದರಿಸುತ್ತಾರೆ ಎಂಬುದನ್ನು ನೋಡಿಯೇ ಸದಸ್ಯರು ಗುಂಪಿನ ನಿಜವಾದ ನಿಯಮ ಕಲಿಯುತ್ತಾರೆ. ಎದುರು ಅಭಿಪ್ರಾಯದವರು ಒರಟಾಗಿ ಬರೆದರೆ ಗದರಿಸುವುದು ಸುಲಭ. ನಿಮ್ಮದೇ ಅಭಿಪ್ರಾಯವನ್ನು ಒರಟಾಗಿ ಹೇಳಿದವರನ್ನು ತಡೆಯುವಾಗ ಕೈ ತಡವರಿಸುತ್ತದೆ, ಏಕೆಂದರೆ ಅವರು ನಾಳೆ ಚಹಾದಂಗಡಿಯಲ್ಲಿ ಎದುರಿಗೆ ಸಿಗುವವರು. ಈ ಕೆಲಸವನ್ನು ಗುಂಪಿನ ಹೊರಗೆ, ಖಾಸಗಿಯಾಗಿ ಮಾಡಬೇಕು. ನಾನು ಬರೆಯುವುದು ಸುಮಾರಾಗಿ ಹೀಗೆ: "ಅಣ್ಣಾ, ನೀವು ಹೇಳಿದ ವಿಷಯ ಸರಿಯಿದೆ, ನನ್ನ ಅಭಿಪ್ರಾಯವೂ ಅದೇ. ಮೇಷ್ಟ್ರನ್ನು ಗುಲಾಮ ಅಂದದ್ದು ಮಾತ್ರ ಬೇಡವಿತ್ತು. ಅದೊಂದನ್ನು ತೆಗೆದು, ಬಸ್ಸಿನ ವಿಷಯವನ್ನು ಮತ್ತೆ ಬರೆಯಿರಿ." ಹತ್ತರಲ್ಲಿ ಏಳೆಂಟು ಮಂದಿ ತೆಗೆಯುತ್ತಾರೆ. ತೆಗೆಯದವರ ಸಂದೇಶವನ್ನು ನಾನೇ ಅಳಿಸಿ, ಗುಂಪಿನಲ್ಲಿ ಒಂದೇ ಸಾಲು ಹಾಕುತ್ತೇನೆ: "ಹೆಸರಿಟ್ಟು ಕರೆದದ್ದಕ್ಕಾಗಿ ಒಂದು ಸಂದೇಶ ಅಳಿಸಲಾಗಿದೆ, ಅಭಿಪ್ರಾಯಕ್ಕಾಗಿ ಅಲ್ಲ." ಕಾರಣ ಹೇಳದೆ ಅಳಿಸಿದರೆ ಜನ ಕಾರಣವನ್ನು ತಾವೇ ಹುಟ್ಟಿಸಿಕೊಳ್ಳುತ್ತಾರೆ.

ಯಾವ ಹೆಸರುಗಳಿಗೆ ಅವಕಾಶವಿಲ್ಲ ಎಂಬ ಪಟ್ಟಿಯನ್ನು ಮೊದಲೇ ಮಾಡಿಡುವುದು ಒಳ್ಳೆಯದು. ನಮ್ಮಲ್ಲಿ ಗುಲಾಮ, ಅಂಧಭಕ್ತ, ಗಂಜಿ ಗಿರಾಕಿ, ಲದ್ದಿಜೀವಿ, ಬಕೆಟ್, ಪೇಯ್ಡ್ ಎಂಬ ಆರು ಪದಗಳಿವೆ. ಪಟ್ಟಿ ಮಾಡುವಾಗ ಎರಡೂ ಕಡೆಯವರು ತಮ್ಮ ತಮ್ಮ ಪ್ರೀತಿಯ ಬೈಗುಳವನ್ನು ಉಳಿಸಿಕೊಳ್ಳಲು ಪಟ್ಟ ಪಾಡು ನೋಡುವಂತಿತ್ತು. ಹಾಗೆಯೇ ದುಬೈ, ಅಮೆರಿಕಗಳಲ್ಲಿರುವ ನಮ್ಮೂರಿನವರಿಗೆ "ಅಲ್ಲಿ ಕೂತು ಇಲ್ಲಿಯ ಮಾತು ಬೇಡ" ಎನ್ನುವುದನ್ನೂ ನಾವು ತಡೆಯುತ್ತೇವೆ. ಮಾತಾಡುವವರು ಎಲ್ಲಿದ್ದಾರೆ ಎಂಬುದರಿಂದ ಬಸ್ಸಿನ ಲೆಕ್ಕ ಬದಲಾಗುವುದಿಲ್ಲ.

ಎರಡನೆಯದು ಸಂಖ್ಯೆಯ ಮಿತಿ. ಮೇಷ್ಟ್ರನ್ನು ಓಡಿಸಿದ್ದು ಒಂದು ಬೈಗುಳವಲ್ಲ, 31 ಉತ್ತರಗಳು ಒಟ್ಟಿಗೆ ಮುಗಿಬಿದ್ದದ್ದು. ಒಂದು ಅಭಿಪ್ರಾಯಕ್ಕೆ ಮೂರು ವಿರೋಧದ ಉತ್ತರ ಬಂದ ಮೇಲೆ, ಮೊದಲು ಬರೆದವರು ಮರುಮಾತು ಹೇಳುವವರೆಗೆ ನಾಲ್ಕನೆಯದು ಬರಬಾರದು ಎಂಬುದು ಈಗ ನಮ್ಮಲ್ಲಿರುವ ರೂಢಿ. ಅದು ಕೈ ಮೀರಿದಾಗ ಅಡ್ಮಿನ್‌ಗಳು ಮಾತ್ರ ಸಂದೇಶ ಕಳಿಸುವಂತೆ ಸೆಟ್ಟಿಂಗ್ ಬದಲಾಯಿಸಿ, ಎಷ್ಟು ಗಂಟೆಗೆ ತೆರೆಯುತ್ತೇವೆಂದು ತಿಳಿಸಿ, ತೆರೆದಾಗ ಮೊದಲ ಮಾತನ್ನು ಒಂಟಿಯಾಗಿದ್ದವರಿಗೇ ಬಿಟ್ಟುಕೊಡಿ. ಸಮಯ ಹೇಳದೆ ಮುಚ್ಚಿದರೆ ಅದು ಅವರ ಬಾಯಿ ಮುಚ್ಚಿಸಿದಂತೆಯೇ ಕಾಣುತ್ತದೆ.

ಒಂಟಿ ದನಿಗೆ ಜೊತೆ

ಅಮೆರಿಕದ ಮನೋವಿಜ್ಞಾನಿ ಸಾಲೊಮನ್ ಆಶ್ 1950ರ ದಶಕದಲ್ಲಿ ಮಾಡಿದ ಪ್ರಯೋಗಗಳಲ್ಲಿ, ಗೆರೆಗಳ ಉದ್ದ ಹೋಲಿಸುವಷ್ಟು ಸರಳ ವಿಷಯದಲ್ಲೂ ಸುತ್ತಲಿನವರೆಲ್ಲ ಬೇಕೆಂದೇ ತಪ್ಪು ಹೇಳಿದಾಗ ಸುಮಾರು ಮೂರನೇ ಒಂದರಷ್ಟು ಬಾರಿ ಜನ ಕಣ್ಣಿಗೆ ಕಂಡದ್ದನ್ನು ಬಿಟ್ಟು ಆ ತಪ್ಪನ್ನೇ ಹೇಳಿದರು. ಸರಿ ಉತ್ತರ ಹೇಳುವವರು ಇನ್ನೊಬ್ಬರು ಜೊತೆಗಿದ್ದಾಗ ಹಾಗೆ ತಲೆಬಾಗುವುದು ಬಹುಪಾಲು ಕುಸಿಯಿತು. ನೂರು ಜನರ ಗುಂಪಿನಲ್ಲಿ ಐವತ್ತು ಮಂದಿ ವಿರೋಧಿಗಳು ಬೇಕಾಗಿಲ್ಲ, ಇಬ್ಬರಿದ್ದರೆ ಸಾಕು ಎಂಬುದನ್ನು ನಾನು ಇದರಿಂದ ತಿಳಿದುಕೊಂಡೆ. ಭಿನ್ನಮತದ ಒಬ್ಬರು ಸಿಕ್ಕಿದರೆ, ಅವರ ಕಡೆಯ ಇನ್ನೊಬ್ಬರನ್ನು ಹುಡುಕಿ ಕರೆತನ್ನಿ; ಮೂರು ನಾಲ್ಕು ಅಡ್ಮಿನ್‌ಗಳಿದ್ದರೆ ಒಬ್ಬರು ಆ ಕಡೆಯವರಾಗಿರಲಿ.

ಜೊತೆಗೆ ಬರುವವರು ನಿಜವಾಗಿ ಹಾಗೆ ನಂಬಿದವರಾಗಿರಬೇಕು. "ಇವತ್ತು ನಾನು ವಿರೋಧ ಪಕ್ಷ" ಎಂದು ವೇಷ ಹಾಕುವ ಆಟವನ್ನು ನಾವೂ ಎರಡು ವಾರ ಆಡಿ ಬಿಟ್ಟೆವು. ಆಡುವವರಿಗೆ ಬೇಸರವಾಯಿತು, ನೋಡುವವರಿಗೆ ಅದು ಆಟವೆಂದು ಗೊತ್ತಿತ್ತು. ಎದುರು ಪಕ್ಷದ ಪೋಸ್ಟುಗಳನ್ನು ಸಮತೋಲನಕ್ಕೆಂದು ತಂದು ಸುರಿಯುವುದೂ ಕೆಲಸಕ್ಕೆ ಬಾರದು. ಸಮಾಜಶಾಸ್ತ್ರಜ್ಞ ಕ್ರಿಸ್ ಬೇಲ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ಟ್ವಿಟರ್ ಬಳಕೆದಾರರಿಗೆ ಒಂದು ತಿಂಗಳ ಕಾಲ ಎದುರು ಪಾಳಯದ ಸಂದೇಶಗಳನ್ನು ತೋರಿಸಿದಾಗ, ಅಲ್ಲಿಯ ಸಂಪ್ರದಾಯವಾದಿ ಪಕ್ಷವಾದ ರಿಪಬ್ಲಿಕನ್ ಪಕ್ಷದವರು ಮೊದಲಿಗಿಂತ ಹೆಚ್ಚು ಸಂಪ್ರದಾಯವಾದಿಗಳಾದರು. ನಾಯಕರ ಭಾಷಣದ ತುಣುಕು ಬೇರೆ, ಪರಿಚಯದವರೊಬ್ಬರು ತಮ್ಮ ಸ್ಟಾಪಿನಲ್ಲಿ ನಿಲ್ಲದ ಬಸ್ಸಿನ ಬಗ್ಗೆ ಹೇಳುವುದು ಬೇರೆ. ಫಾರ್ವರ್ಡ್ ಗುರುತಿರುವ ಸಂದೇಶದ ಜೊತೆ ಸ್ವಂತದ ಎರಡು ವಾಕ್ಯ ಕಡ್ಡಾಯ ಎಂಬ ನಿಯಮವೊಂದನ್ನು ಮಾಡಿದರೆ ಅರ್ಧ ಗದ್ದಲ ತಾನಾಗಿ ಇಳಿಯುತ್ತದೆ.

ಉತ್ತರಿಸುವುದು, ಒಪ್ಪದೆಯೇ ಗೌರವಿಸುವುದು

ಉತ್ತರ ಬರೆಯುವ ಮೊದಲು ಎದುರಿನವರ ಮಾತನ್ನು ನಿಮ್ಮ ಮಾತಿನಲ್ಲಿ ಹೇಳಿ, "ನೀವು ಹೇಳುತ್ತಿರುವುದು ಇದೇ ತಾನೆ?" ಎಂದು ಕೇಳಿ. ಮೇಷ್ಟ್ರ ಪ್ರಸಂಗದಲ್ಲಿ ಯಾರಾದರೂ ಹೀಗೆ ಕೇಳಿದ್ದರೆ, ಅವರು ಯೋಜನೆಯನ್ನು ನಿಲ್ಲಿಸಿ ಎಂದಿರಲಿಲ್ಲ, ಬಸ್ಸು ಹೆಚ್ಚಿಸಿ ಎಂದಿದ್ದರು ಎಂಬುದು ಎರಡನೇ ನಿಮಿಷಕ್ಕೇ ತಿಳಿಯುತ್ತಿತ್ತು.

ಸಹನೆಯೆಂದರೆ ಒಪ್ಪಿಕೊಳ್ಳುವುದು ಎಂದು ಅನೇಕರು ಹೆದರುತ್ತಾರೆ. ಸಂವಿಧಾನ ಸಭೆಯಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತ್ ಎಂಬ ಸದಸ್ಯರಿದ್ದರು. ಪೀಠಿಕೆ ದೇವರ ಹೆಸರಿನಿಂದ ಆರಂಭವಾಗಬೇಕೆಂದು 1949ರ ಅಕ್ಟೋಬರ್ 17ರಂದು ಅವರು ತಿದ್ದುಪಡಿ ತಂದರು. ಬೇಡವೆಂದು ಹಲವರು ಕೇಳಿಕೊಂಡರೂ ಅವರು ಹಿಂತೆಗೆಯಲಿಲ್ಲ. ಮತಕ್ಕೆ ಹಾಕಿದಾಗ 41 ಪರ, 68 ವಿರುದ್ಧ ಬಿದ್ದು ಸೋತಿತು. ಮುಂದಿನ ತಿಂಗಳು, ನವೆಂಬರ್ 25ರಂದು ಆ ಸಭೆಯಲ್ಲಿ ಮಾಡಿದ ತಮ್ಮ ಕೊನೆಯ ದೊಡ್ಡ ಭಾಷಣದಲ್ಲಿ ಅಂಬೇಡ್ಕರ್ ಅವರು ಎಲ್ಲರೂ ಪಕ್ಷದ ಶಿಸ್ತಿಗೆ ತಲೆಬಾಗಿದ್ದರೆ ಸಭೆ ನೀರಸವಾಗುತ್ತಿತ್ತು, ಅದೃಷ್ಟಕ್ಕೆ ಕೆಲವರು ಬಂಡಾಯಗಾರರಿದ್ದರು ಎಂದು ಹೇಳಿ, ಕಾಮತರ ಹೆಸರನ್ನು ಮೊದಲು ತೆಗೆದುಕೊಂಡರು. ಅವರ ಸಲಹೆಗಳನ್ನು ತಾವು ಒಪ್ಪಲಿಲ್ಲವೆಂಬುದರಿಂದ ಅವುಗಳ ಬೆಲೆ ಕಡಿಮೆಯಾಗುವುದಿಲ್ಲ ಎಂದೂ ಸೇರಿಸಿದರು. ಮತಕ್ಕೆ ಹಾಕಿ ಸೋಲಿಸಿದವರನ್ನು ಹೆಸರು ಹಿಡಿದು ನೆನೆಯುವ ಈ ಕ್ರಮವನ್ನು ಗುಂಪುಗಳಲ್ಲೂ ಪಾಲಿಸಬಹುದು. ವಾರದ ಕೊನೆಗೆ ನಾನು ಚರ್ಚೆಯ ಸಾರಾಂಶ ಬರೆಯುವಾಗ ಅಲ್ಪಮತದ ವಾದಕ್ಕೆ ಒಂದು ಪೂರ್ಣ ಪ್ಯಾರಾ ಕೊಡುತ್ತೇನೆ, ಹಾಕುವ ಮೊದಲು ಅದನ್ನು ಅವರಿಗೇ ತೋರಿಸುತ್ತೇನೆ.

ಗುಂಪು ಕೆಡಿಸಲೆಂದೇ ಬರುವವರೂ ಇದ್ದಾರೆ. ಅವರನ್ನು ಗುರುತಿಸಲು ಅಭಿಪ್ರಾಯ ನೋಡಬೇಕಾಗಿಲ್ಲ. ಕೇಳಿದ ಪ್ರಶ್ನೆಗೆ ಒಮ್ಮೆಯಾದರೂ ಉತ್ತರಿಸಿದ್ದಾರೆಯೇ ಎಂದು ನೋಡಿದರೆ ಸಾಕು. ದಿನಕ್ಕೆ ಎಂಟು ಫಾರ್ವರ್ಡ್ ಹಾಕಿ ಒಂದಕ್ಕೂ ಉತ್ತರಿಸದವರನ್ನು, ಅವರು ನಿಮ್ಮ ಕಡೆಯವರಾದರೂ, ಎರಡು ಎಚ್ಚರಿಕೆಯ ನಂತರ ತೆಗೆದುಹಾಕಿ.

ಬಿಟ್ಟು ಹೋದವರನ್ನು ಕೇಳದೆ ಮತ್ತೆ ಸೇರಿಸಬೇಡಿ. ಒಂದು ವಾರ ಬಿಟ್ಟು ಫೋನ್ ಮಾಡಿ, ಮೆಸೇಜು ಬೇಡ. ನಾನು ಮೇಷ್ಟ್ರಿಗೆ ಫೋನ್ ಮಾಡಿದ್ದು ಹದಿನೈದು ದಿನ ತಡವಾಗಿ. ನಗುವ ಮುಖ ಒತ್ತಿದ್ದಕ್ಕೆ ಕ್ಷಮೆ ಕೇಳಿದೆ. ಅವರು ಸಿಟ್ಟು ಮಾಡಲಿಲ್ಲ. "ನಿಮ್ಮ ಗುಂಪಿನಲ್ಲಿ ನಾನೊಬ್ಬನೇ ಮೂವತ್ತು ಜನಕ್ಕೆ ಉತ್ತರ ಬರೆಯಬೇಕಾಗಿತ್ತಲ್ಲ ಮಾರಾಯರೇ, ನನಗೆ ಟೈಪ್ ಮಾಡುವುದೇ ನಿಧಾನ" ಎಂದರು. ಮೂರು ಉತ್ತರಗಳ ಮಿತಿ ಬಂದದ್ದು ಆ ಮಾತಿನಿಂದ. ನಿಯಮವನ್ನು ಗುಂಪಿನ ವಿವರಣೆಯಲ್ಲಿ ಸೇರಿಸಿದ ದಿನ ಅದರ ಚಿತ್ರ ತೆಗೆದು ಅವರಿಗೆ ಕಳಿಸಿದೆ. ಎರಡು ನೀಲಿ ಗೆರೆ ಬಂದವು. ಅವರು ಇನ್ನೂ ಮರಳಿ ಸೇರಿಲ್ಲ. ಎಂಟೂವರೆಯ ಬಸ್ಸಿನ ವಿಷಯ ಏನಾಯಿತೆಂದು ಈಗ ಅವರಿಗೇ ಫೋನ್ ಮಾಡಿ ಕೇಳಿಕೊಳ್ಳುತ್ತೇನೆ.